ಹಿಮಕ್ಕೆ ಮುನ್ನ ತಲುಪಬೇಕಾದ ಹಿಟ್ಟು: ಅಫ್ಘಾನಿಸ್ತಾನದ ಚಳಿಗಾಲದ ನೆರವಿನ ಹಿನ್ನೆಲೆ

ಡಿಸೆಂಬರ್ 21ರ ಆಸುಪಾಸಿನ ಅತಿ ದೀರ್ಘ ರಾತ್ರಿಯಿಂದ ಎಣಿಸಿ ನಲವತ್ತು ದಿನಗಳ ಅವಧಿಯನ್ನು ಅಫ್ಘಾನಿಸ್ತಾನದ ಜನ ‘ಚಿಲ್ಲಾ’ ಎಂದು ಕರೆಯುತ್ತಾರೆ. ವರ್ಷದ ಅತ್ಯಂತ ಕಟುವಾದ ಚಳಿ ಬೀಳುವುದು ಆ ದಿನಗಳಲ್ಲೇ. ಆದರೆ ಹಿಂದೂಕುಶ್ ಪರ್ವತಗಳ ಮಡಿಲಲ್ಲಿರುವ ಘೋರ್, ಬಾಮಿಯಾನ್, ದಾಯ್‌ಕುಂಡಿ, ನೂರಿಸ್ತಾನ್ ಮತ್ತು ಬದಖ್‌ಶಾನ್ ಪ್ರಾಂತ್ಯಗಳ ಎತ್ತರದ ಜಿಲ್ಲೆಗಳಲ್ಲಿ ಚಿಲ್ಲಾ ಆರಂಭವಾಗುವ ಹೊತ್ತಿಗೆ ಕಣಿವೆಯ ದಾರಿಗಳು ಹಿಮದಲ್ಲಿ ಹೂತುಹೋಗಿರುತ್ತವೆ. ಹಲವು ಊರುಗಳಿಗೆ ಲಾರಿಯೊಂದು ಮತ್ತೆ ಬರಬೇಕಾದರೆ ಮಾರ್ಚ್ ಕಳೆಯಬೇಕು, ಕೆಲವೆಡೆ ಏಪ್ರಿಲ್ ಕೂಡ. ಹೀಗಾಗಿ ಚಳಿಗಾಲಕ್ಕೆ ಬೇಕಾದ ಗೋಧಿಹಿಟ್ಟು, ಎಣ್ಣೆ, ಕಂಬಳಿ, ಔಷಧಗಳೆಲ್ಲ ಅಕ್ಟೋಬರ್, ಹೆಚ್ಚೆಂದರೆ ನವೆಂಬರ್ ಮುಗಿಯುವುದರೊಳಗೆ ಊರಿನ ಹತ್ತಿರದ ಉಗ್ರಾಣ ಸೇರಿರಬೇಕು. ಈ ಗಡುವನ್ನು ಯಾವ ಸರ್ಕಾರವೂ ಮುಂದೂಡಲಾರದು. ಕಳೆದ ನಾಲ್ಕು ದಶಕಗಳಲ್ಲಿ ಈ ಗಡುವು ತಪ್ಪಿದಾಗಲೆಲ್ಲ ಅದಕ್ಕೆ ಹಿಮಕ್ಕಿಂತ ಹೆಚ್ಚಾಗಿ ಯುದ್ಧ, ಅನುಮತಿ ಅಥವಾ ಹಣದ ವಿಳಂಬವೇ ಕಾರಣವಾಗಿತ್ತೆಂಬುದು ಈ ಚರಿತ್ರೆಯನ್ನು ಹಿಂದಿನಿಂದ ಓದಿಕೊಂಡು ಬಂದವರಿಗೆ ಸ್ಪಷ್ಟವಾಗುತ್ತದೆ.

ಚಳಿಗೆ ಸಿದ್ಧವಾಗುವುದು ಅಲ್ಲಿನ ಜನರಿಗೆ ಹೊರಗಿನವರು ಕಲಿಸಬೇಕಾದ ವಿದ್ಯೆಯಲ್ಲ. ಬೇಸಿಗೆಯಲ್ಲೇ ಪೊದೆಸೌದೆ ಕೂಡಿಸುವುದು, ಬೆರಣಿ ತಟ್ಟಿ ಒಟ್ಟುವುದು, ಹಿಪ್ಪುನೇರಳೆ ಹಣ್ಣನ್ನು ಒಣಗಿಸಿಡುವುದು, ದನಕುರಿಗಳಿಗೆ ಮೇವು ಕೂಡಿಡುವುದು ಗ್ರಾಮೀಣ ಕುಟುಂಬದ ವರ್ಷಚಕ್ರದಲ್ಲೇ ಸೇರಿವೆ. ತಗ್ಗು ಮೇಜಿನ ಕೆಳಗೆ ಕೆಂಡದ ಬೋಗುಣಿಯಿಟ್ಟು, ಮೇಲೆ ದೊಡ್ಡ ರಜಾಯಿ ಹೊದಿಸಿ, ಮನೆಮಂದಿಯೆಲ್ಲ ಅದರೊಳಗೆ ಕಾಲುಚಾಚಿ ಕೂರುವ ‘ಸಂದಲಿ’ ಕಡಿಮೆ ಇಂಧನದಲ್ಲಿ ಹೆಚ್ಚು ಜನರನ್ನು ಬೆಚ್ಚಗಿಡುವ ಹಳೆಯ ವ್ಯವಸ್ಥೆ. ತಗಡಿನ ‘ಬುಖಾರಿ’ ಒಲೆ ಇನ್ನೊಂದು. ಹೊರಗಿನ ನೆರವು ಬೇಕಾಗುವುದು ಈ ಸಿದ್ಧತೆಯ ಸರಣಿ ಎಲ್ಲೋ ತುಂಡಾದಾಗ. ಬರಗಾಲದಲ್ಲಿ ಬೆಳೆ ಕೈಕೊಟ್ಟವನು, ಸಾಲ ತೀರಿಸಲು ಕುರಿ ಮಾರಿದವನು, ಕಾಳಗದ ನಡುವೆ ಊರು ಬಿಟ್ಟು ಬಂದು ಪ್ಲಾಸ್ಟಿಕ್ ಹಾಳೆಯ ಕೆಳಗೆ ಮಲಗಿರುವವನು ಬೇಸಿಗೆಯಲ್ಲಿ ಏನನ್ನೂ ಕೂಡಿಟ್ಟಿರಲಾರ. ಅವನ ಮನೆಯ ಮಕ್ಕಳನ್ನು ಜನವರಿಯಲ್ಲಿ ನ್ಯುಮೋನಿಯಾ ಹಿಡಿಯುತ್ತದೆ.

ಸೋವಿಯತ್ ಸೇನೆ 1979ರ ಕೊನೆಯಲ್ಲಿ ಒಳಬಂದ ಮೇಲೆ ನೆರವೆಂಬುದು ಎರಡು ಹೋಳಾಯಿತು. ಕಾಬೂಲ್ ಸರ್ಕಾರದ ಹಿಡಿತದಲ್ಲಿದ್ದ ನಗರಗಳಿಗೆ ಒಂದು ದಾರಿಯಾದರೆ, ಸೋವಿಯತ್ ಸೇನೆಯ ವಿರುದ್ಧ ಹೋರಾಡುತ್ತಿದ್ದ ಮುಜಾಹಿದೀನ್ ಗುಂಪುಗಳ ಕೈಯಲ್ಲಿದ್ದ ಹಳ್ಳಿಗಳಿಗೆ ಪಾಕಿಸ್ತಾನದ ಗಡಿ ದಾಟಿ ಹೇಸರಗತ್ತೆಗಳ ಬೆನ್ನ ಮೇಲೆ ಔಷಧ ಸಾಗಿಸುವ ಸಣ್ಣ ಸ್ವಯಂಸೇವಾ ಸಂಸ್ಥೆಗಳದ್ದು ಇನ್ನೊಂದು ದಾರಿ. ಎರಡನ್ನೂ ಒಂದೇ ನಕ್ಷೆಯ ಮೇಲೆ ನೋಡುವವರು ಯಾರೂ ಇರಲಿಲ್ಲ. 1988ರ ಏಪ್ರಿಲ್‌ನಲ್ಲಿ ಸೋವಿಯತ್ ಸೇನೆಯ ವಾಪಸಾತಿಗೆ ದಾರಿ ಮಾಡಿದ ಜಿನೀವಾ ಒಪ್ಪಂದಕ್ಕೆ ಸಹಿ ಬಿದ್ದ ನಂತರ ವಿಶ್ವಸಂಸ್ಥೆಯು ಸದ್ರುದ್ದೀನ್ ಆಗಾ ಖಾನ್ ಅವರನ್ನು ಅಫ್ಘಾನಿಸ್ತಾನದ ನೆರವಿನ ಸಂಯೋಜಕರನ್ನಾಗಿ ನೇಮಿಸಿತು. ಅವರ ನೇತೃತ್ವದಲ್ಲಿ ಆರಂಭವಾದ ‘ಆಪರೇಷನ್ ಸಲಾಂ’ ಎಲ್ಲ ಬಣಗಳ ಒಪ್ಪಿಗೆ ಪಡೆದು ಎಲ್ಲ ದಿಕ್ಕುಗಳಿಂದಲೂ ನೆರವು ಒಯ್ಯುವ ಪ್ರಯತ್ನವಾಗಿತ್ತು. ವಿಶ್ವಸಂಸ್ಥೆಯ ಮಹಾಸಭೆಯು 1991ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದ 46/182ನೇ ನಿರ್ಣಯವು ತುರ್ತು ಪರಿಹಾರ ಸಂಯೋಜಕರ ಹುದ್ದೆಯನ್ನು ಸೃಷ್ಟಿಸಿ, ಮಾನವೀಯತೆ, ತಾಟಸ್ಥ್ಯ ಮತ್ತು ನಿಷ್ಪಕ್ಷಪಾತದ ತತ್ವಗಳನ್ನು ಬರಹಕ್ಕಿಳಿಸಿ, ಇಂದಿನ ಸಮನ್ವಯ ವ್ಯವಸ್ಥೆಗೆ ಅಡಿಪಾಯ ಹಾಕಿತು.

ಆ ತತ್ವಗಳಿಗೆ ಎದುರಾದ ಅತ್ಯಂತ ಕಠಿಣ ಪರೀಕ್ಷೆಗಳಲ್ಲೊಂದು ಹಜಾರಾಜಾತ್‌ನದು. ದೇಶದ ನಡುಭಾಗದ ಈ ಪರ್ವತ ಪ್ರದೇಶಕ್ಕೆ ಹೋಗುವ ರಸ್ತೆಗಳನ್ನು, ಆಗ ಕಾಬೂಲ್ ಆಳುತ್ತಿದ್ದ ತಾಲಿಬಾನ್ 1997ರ ಬೇಸಿಗೆಯಲ್ಲಿ ಮುಚ್ಚಿತು. ಅಲ್ಲಿದ್ದ ಸುಮಾರು 10 ಲಕ್ಷ ಜನರಲ್ಲಿ ಬಹುತೇಕರು ಶಿಯಾ ಪಂಥದ ಹಜಾರಾ ಜನಾಂಗದವರು. ಅವರ ಸಂಘಟನೆಗಳು ತಾಲಿಬಾನ್‌ಗೆ ಶರಣಾಗಿರಲಿಲ್ಲ. ದಿಗ್ಬಂಧನ ಬಿದ್ದ ಸಮಯವನ್ನು ಗಮನಿಸಬೇಕು: ಹೊರಗಿನಿಂದ ಧಾನ್ಯ ಕೊಂಡು ಚಳಿಗಾಲಕ್ಕೆ ಕೂಡಿಡುವ ತಿಂಗಳುಗಳು ಅವು. ಆಗಸ್ಟ್‌ನಲ್ಲಿ ರಸ್ತೆ ಮುಚ್ಚಿದರೆ ಹಸಿವು ಕಾಣಿಸಿಕೊಳ್ಳುವುದು ಜನವರಿಯಲ್ಲಿ, ಮತ್ತು ಜನವರಿಯಲ್ಲಿ ರಸ್ತೆ ತೆರೆದರೂ ಹಿಮ ಬಿಡುವುದಿಲ್ಲ. ವಿಶ್ವಸಂಸ್ಥೆಯ ಅಂಗವಾದ ವಿಶ್ವ ಆಹಾರ ಕಾರ್ಯಕ್ರಮವು ಬಾಮಿಯಾನ್‌ಗೆ ವಿಮಾನದಲ್ಲಿ ಆಹಾರ ಕಳುಹಿಸಲು ಮುಂದಾದಾಗ ಅಲ್ಲಿನ ವಿಮಾನ ನಿಲ್ದಾಣದ ಮೇಲೂ ಬಾಂಬ್ ಬಿತ್ತು. ಅದೇ ಚಳಿಗಾಲದಲ್ಲಿ, 1998ರ ಫೆಬ್ರವರಿ 4ರಂದು, ಈಶಾನ್ಯದ ರುಸ್ತಾಕ್ ಸುತ್ತಲಿನ ಹಳ್ಳಿಗಳನ್ನು ಭೂಕಂಪ ನೆಲಸಮ ಮಾಡಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಹಿಮ ಮತ್ತು ಮಂಜಿನಿಂದಾಗಿ ನೆರವು ದಿನಗಟ್ಟಲೆ ತಡವಾಯಿತು. ಒಂದೆಡೆ ಪ್ರಕೃತಿ, ಇನ್ನೊಂದೆಡೆ ಮನುಷ್ಯರ ನಿರ್ಧಾರ. ಹಸಿವನ್ನು ಆಯುಧವಾಗಿ ಬಳಸಿದ ಆ ನಿರ್ಧಾರಕ್ಕೆ ಹವಾಮಾನದ ನೆಪ ಕೊಡಲು ಸಾಧ್ಯವಿಲ್ಲ.

ಉತ್ತರ ಮತ್ತು ದಕ್ಷಿಣವನ್ನು ಜೋಡಿಸುವ ಸಾಲಂಗ್ ಮಾರ್ಗದ ಕಥೆಯಲ್ಲೂ ಇವೆರಡೂ ಹೆಣೆದುಕೊಂಡಿವೆ. ಸೋವಿಯತ್ ನೆರವಿನಿಂದ ಕಟ್ಟಿ 1964ರಲ್ಲಿ ಸಂಚಾರಕ್ಕೆ ತೆರೆದ, ಸಮುದ್ರಮಟ್ಟದಿಂದ 3,000 ಮೀಟರ್‌ಗೂ ಎತ್ತರದಲ್ಲಿರುವ ಈ ಸುರಂಗವನ್ನು 1990ರ ದಶಕದ ಅಂತರ್ಯುದ್ಧದಲ್ಲಿ ಸ್ಫೋಟಿಸಿ ಮುಚ್ಚಲಾಯಿತು. ಮತ್ತೆ ವಾಹನಗಳು ಓಡಾಡಿದ್ದು 2002ರ ಆರಂಭದಲ್ಲಿ. ಸುರಂಗ ತೆರೆದಿದ್ದ ಕಾಲದಲ್ಲೂ ದಾರಿ ಸುರಕ್ಷಿತವಾಗಿರಲಿಲ್ಲ: 2010ರ ಫೆಬ್ರವರಿಯಲ್ಲಿ ಹಿಮಕುಸಿತಗಳು ಇದೇ ರಸ್ತೆಯಲ್ಲಿ 160ಕ್ಕೂ ಹೆಚ್ಚು ಪ್ರಯಾಣಿಕರ ಪ್ರಾಣ ತೆಗೆದವು.

2001ರ ಶರತ್ಕಾಲದಷ್ಟು ಬಿಗಿಯಾದ ಗಡುವು ಹಿಂದೆಂದೂ ಬಂದಿರಲಿಲ್ಲವೇನೋ. ಮೂರು ವರ್ಷಗಳ ಬರದಿಂದ ದೇಶ ಆಗಲೇ ಸೊರಗಿತ್ತು. ಸೆಪ್ಟೆಂಬರ್ 11ರ ದಾಳಿಯ ನಂತರ ವಿದೇಶಿ ಸಿಬ್ಬಂದಿಯೆಲ್ಲ ಹೊರಟುಹೋದರು. ಉಳಿದ ಅಫ್ಘಾನ್ ಸಿಬ್ಬಂದಿ ಸಂವಹನ ಸಾಧನಗಳನ್ನು ಬಳಸದಂತೆ ತಾಲಿಬಾನ್ ನಿಷೇಧ ಹೇರಿತ್ತು. ಆ ಸ್ಥಿತಿಯಲ್ಲೂ ಲಾರಿ ಗುತ್ತಿಗೆ ಕುದುರಿಸಿ, ಸ್ಥಳೀಯ ಹಿರಿಯರೊಂದಿಗೆ ಮಾತಾಡಿ, ಹಿಟ್ಟನ್ನು ಹಳ್ಳಿಗೆ ಮುಟ್ಟಿಸಿದವರು ಆ ಅಫ್ಘಾನ್ ನೌಕರರೇ. ತಿಂಗಳಿಗೆ 52,000 ಟನ್ ಆಹಾರ ಒಳಗೆ ಹೋಗಬೇಕೆಂದು ವಿಶ್ವ ಆಹಾರ ಕಾರ್ಯಕ್ರಮ ಲೆಕ್ಕ ಹಾಕಿತ್ತು. ಡಿಸೆಂಬರ್ 9ರಂದು ಉಜ್ಬೇಕಿಸ್ತಾನದ ತೆರ್ಮೆಜ್‌ನಲ್ಲಿ ಅಮು ದರಿಯಾ ನದಿಯ ಮೇಲಿನ ಸೇತುವೆ ನೆರವಿಗಾಗಿ ತೆರೆದುಕೊಂಡಿತು, ಮತ್ತು ಆ ಒಂದೇ ತಿಂಗಳಲ್ಲಿ ಸುಮಾರು 1,16,000 ಟನ್ ಆಹಾರ ದೇಶದೊಳಗೆ ಹೋಯಿತು. ಎಲ್ಲರೂ ಹೆದರಿದ್ದ ಮಹಾಕ್ಷಾಮ ತಪ್ಪಿತು.

ಅದೇ ಶರತ್ಕಾಲದಲ್ಲಿ ಅಮೆರಿಕದ ವಿಮಾನಗಳು ಬಾಂಬ್‌ಗಳೊಂದಿಗೆ ಆಹಾರದ ಪೊಟ್ಟಣಗಳನ್ನೂ ಉದುರಿಸಿದವು. ಆ ಪೊಟ್ಟಣಗಳ ಹಳದಿ ಬಣ್ಣ, ಅದೇ ಸೇನೆ ಹಾಕುತ್ತಿದ್ದ ಕ್ಲಸ್ಟರ್ ಬಾಂಬ್‌ನ ಸಿಡಿಯದೆ ಉಳಿದ ತುಣುಕುಗಳ ಬಣ್ಣವೂ ಆಗಿತ್ತು. ಊಟವೆಂದು ಭಾವಿಸಿ ಸಿಡಿಗುಂಡನ್ನು ಎತ್ತಿಕೊಳ್ಳಬೇಡಿ ಎಂದು ರೇಡಿಯೊದಲ್ಲಿ ಎಚ್ಚರಿಸಬೇಕಾಯಿತು. ನಂತರ ಪೊಟ್ಟಣದ ಬಣ್ಣವನ್ನು ನೀಲಿಗೆ ಬದಲಿಸಲಾಯಿತು. ಕಾಬೂಲ್‌ನಲ್ಲಿದ್ದ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಉಗ್ರಾಣಗಳ ಮೇಲೆ ಅಕ್ಟೋಬರ್ ತಿಂಗಳಲ್ಲಿ ಎರಡು ಬಾರಿ ಬಾಂಬ್ ಬಿತ್ತು. ಯುದ್ಧ ಮಾಡುವ ಕೈಯೇ ಅನ್ನ ಬಡಿಸಲು ಹೊರಟರೆ ತಿನ್ನುವವನಿಗೂ ಬಡಿಸುವವನಿಗೂ ಆಗುವ ಅಪಾಯಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಕಿಲ್ಲ.

ಆ ಗೊಂದಲ ಮುಂದಿನ ವರ್ಷಗಳಲ್ಲಿ ವ್ಯವಸ್ಥೆಯ ಭಾಗವೇ ಆಯಿತು. ಭದ್ರತಾ ಮಂಡಳಿಯ 1401ನೇ ನಿರ್ಣಯದ ಮೂಲಕ 2002ರ ಮಾರ್ಚ್‌ನಲ್ಲಿ ಸ್ಥಾಪನೆಯಾದ ವಿಶ್ವಸಂಸ್ಥೆಯ ನೆರವಿನ ನಿಯೋಗವು ರಾಜಕೀಯ ಸಂಧಾನ ಮತ್ತು ಮಾನವೀಯ ನೆರವು ಎರಡನ್ನೂ ಒಂದೇ ಸೂರಿನಡಿ ತಂದಿತು. ಸೈನಿಕರೂ ನಾಗರಿಕ ಅಧಿಕಾರಿಗಳೂ ಒಟ್ಟಿಗಿದ್ದ ‘ಪ್ರಾಂತೀಯ ಪುನರ್ನಿರ್ಮಾಣ ತಂಡ’ಗಳು ಶಾಲೆ ಕಟ್ಟಿಸಿದವು, ಕಂಬಳಿ ಹಂಚಿದವು. 2004ರಲ್ಲಿ ದಕ್ಷಿಣದಲ್ಲಿ ಅಮೆರಿಕ ನೇತೃತ್ವದ ಮೈತ್ರಿಪಡೆಗಳು ಹಂಚಿದ ಕರಪತ್ರವೊಂದು, ನೆರವು ಮುಂದುವರಿಯಬೇಕಾದರೆ ತಾಲಿಬಾನ್ ಬಗ್ಗೆ ಮಾಹಿತಿ ಕೊಡಿ ಎಂದು ಜನರನ್ನು ಕೇಳಿತ್ತು. ಅದೇ ವರ್ಷ ಜೂನ್ 2ರಂದು ಬದ್ಗೀಸ್ ಪ್ರಾಂತ್ಯದಲ್ಲಿ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಯ ಐವರನ್ನು ಗುಂಡಿಕ್ಕಿ ಕೊಲ್ಲಲಾಯಿತು. 24 ವರ್ಷಗಳಿಂದ ಅಲ್ಲಿ ಕೆಲಸ ಮಾಡುತ್ತಿದ್ದ ಸಂಸ್ಥೆ ದೇಶ ಬಿಟ್ಟು ಹೊರಟಿತು, ಮರಳಿದ್ದು 2009ರಲ್ಲಿ. ಒಬ್ಬನ ಕೈಯಿಂದ ಕಂಬಳಿ ಪಡೆದುದೇ ಇನ್ನೊಬ್ಬನ ಕಣ್ಣಿಗೆ ಅಪರಾಧವಾಗಬಹುದಾದ ಸ್ಥಿತಿಯಲ್ಲಿ ಸಮನ್ವಯ ಸಭೆಯ ಪಟ್ಟಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಹಳ್ಳಿಯವರಿಗೆ ಅದರಿಂದ ಧೈರ್ಯ ಬರುವುದಿಲ್ಲ.

2007–08ರ ಚಳಿಗಾಲ ಈ ದೌರ್ಬಲ್ಯವನ್ನು ಬಯಲಿಗೆ ತಂದಿತು. ಹಿಂದಿನ ಹಲವು ವರ್ಷಗಳಲ್ಲಿ ಕಾಣದಂಥ ಹಿಮಪಾತದಲ್ಲಿ 900ಕ್ಕೂ ಹೆಚ್ಚು ಜನ ಸತ್ತರು. ಪಶ್ಚಿಮದ ಹೆರಾತ್ ಆಸ್ಪತ್ರೆಗಳಲ್ಲಿ ಹಿಮದಿಂದ ಕೊಳೆತ ಕೈಕಾಲುಗಳನ್ನು ಕತ್ತರಿಸಬೇಕಾಯಿತು. ಲಕ್ಷಾಂತರ ಜಾನುವಾರು ಸತ್ತವು. ಕುರಿಯೇ ಬ್ಯಾಂಕ್ ಖಾತೆಯಾಗಿರುವ ಕುಟುಂಬಕ್ಕೆ ಅದು ಮುಂದಿನ ಹಲವು ಚಳಿಗಾಲಗಳ ಬಡತನವೂ ಹೌದು. ವಿಶ್ವಸಂಸ್ಥೆ 2005ರಲ್ಲಿ ರೂಪಿಸಿದ್ದ ‘ಕ್ಲಸ್ಟರ್’ ಪದ್ಧತಿ 2008ರಲ್ಲಿ ಅಫ್ಘಾನಿಸ್ತಾನದಲ್ಲಿ ಜಾರಿಗೆ ಬಂದಿತು. ಆಹಾರ, ವಸತಿ, ಆರೋಗ್ಯ, ನೀರು ಹೀಗೆ ಒಂದೊಂದು ವಿಷಯಕ್ಕೆ ಒಂದೊಂದು ಸಂಸ್ಥೆಯನ್ನು ಹೊಣೆಯಾಗಿಸಿ, ಯಾರು ಎಲ್ಲಿ ಏನು ಮಾಡುತ್ತಿದ್ದಾರೆಂಬುದನ್ನು ಒಂದೆಡೆ ದಾಖಲಿಸುವ ಪದ್ಧತಿಯಿದು. ಒಂದೇ ಹಳ್ಳಿಗೆ ಮೂರು ಸಂಸ್ಥೆ ಕಂಬಳಿ ಹಂಚಿ ಪಕ್ಕದ ಹಳ್ಳಿಗೆ ಯಾರೂ ಹೋಗದಿರುವಂಥ ಅನ್ಯಾಯವನ್ನು ತಡೆಯಲು ಇದು ನಿಜಕ್ಕೂ ನೆರವಾಗುತ್ತದೆ ಎಂದು ನಾನು ನಂಬುತ್ತೇನೆ. ಆದರೆ ಯಾವ ಕೋಷ್ಟಕದಲ್ಲೂ ಸರಿಯಾಗಿ ಕೂರದ ಜನರನ್ನು ಈ ಪದ್ಧತಿ ಹೇಗೆ ನೋಡುತ್ತದೆ ಎಂಬುದು 2012ರ ಆರಂಭದಲ್ಲಿ ತಿಳಿಯಿತು. ಯುದ್ಧದಿಂದ ಓಡಿಬಂದು ಕಾಬೂಲ್‌ನ ಕೊಳೆಗೇರಿಗಳಲ್ಲಿ ನೆಲೆಸಿದ್ದ ಕುಟುಂಬಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಚಳಿಗೆ ಸತ್ತರು. ಹಿಮ ಮುಚ್ಚಿದ ದುರ್ಗಮ ಕಣಿವೆಯಲ್ಲಲ್ಲ, ದೇಣಿಗೆ ಸಂಸ್ಥೆಗಳ ಕಚೇರಿಗಳಿದ್ದ ರಾಜಧಾನಿಯಲ್ಲಿ. ಅವರು ಊರಿಗೆ ಮರಳಬೇಕಾದವರೋ ನಗರದಲ್ಲೇ ಉಳಿಯುವವರೋ ಎಂಬ ಪ್ರಶ್ನೆ ಇತ್ಯರ್ಥವಾಗದ ಕಾರಣ ಅವರಿಗೆ ಗಟ್ಟಿ ಸೂರು ಕಟ್ಟಿಕೊಡಲು ಅಧಿಕಾರಿಗಳು ಹಿಂಜರಿಯುತ್ತಿದ್ದರು.

ಹಣದ ಪಂಚಾಂಗವೂ ಹಿಮದ ಪಂಚಾಂಗಕ್ಕೆ ಹೊಂದುವುದಿಲ್ಲ. ವಿಶ್ವಸಂಸ್ಥೆಯ ವಾರ್ಷಿಕ ನೆರವಿನ ಯೋಜನೆ ಜನವರಿಯಿಂದ ಡಿಸೆಂಬರ್‌ವರೆಗಿನದು; ಮನವಿ ಪ್ರಕಟವಾಗುವುದು ವರ್ಷದ ಸಂಧಿಕಾಲದಲ್ಲಿ, ಅಂದರೆ ಚಿಲ್ಲಾದ ನಡುವೆ. ದೇಣಿಗೆ ನೀಡುವ ದೇಶಗಳು ಮಾತು ಕೊಟ್ಟು, ಒಪ್ಪಂದಕ್ಕೆ ಸಹಿ ಹಾಕಿ, ಹಣ ಬಿಡುಗಡೆ ಮಾಡುವ ಹೊತ್ತಿಗೆ ವಸಂತ ಬಂದಿರುತ್ತದೆ. ಬೇಸಿಗೆಯಲ್ಲಿ ಖರೀದಿ ನಡೆಯಬೇಕಾದಾಗ ಖಜಾನೆ ಅರ್ಧ ಖಾಲಿ. ಕೊನೆಗೆ ಹಿಮದಲ್ಲಿ ನಡುಗುವ ಮಗುವಿನ ಚಿತ್ರ ಜಗತ್ತಿನ ಪತ್ರಿಕೆಗಳಲ್ಲಿ ಬಂದಾಗ ಹಣ ಹರಿಯುತ್ತದೆ, ಆದರೆ ಆಗ ಲಾರಿ ಹೋಗಲು ದಾರಿಯಿರುವುದಿಲ್ಲ.

2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲ್ ಹಿಡಿದ ಮೇಲೆ ಕಾಳಗ ಬಹುಪಾಲು ನಿಂತಿತು. ವರ್ಷಗಳಿಂದ ಕಾಲಿಡಲಾಗದಿದ್ದ ಜಿಲ್ಲೆಗಳಿಗೆ ನೆರವಿನ ವಾಹನಗಳು ಹೋಗತೊಡಗಿದವು. ಆದರೆ ಕೇಂದ್ರ ಬ್ಯಾಂಕಿನ ಸುಮಾರು 900 ಕೋಟಿ ಡಾಲರ್ ವಿದೇಶಿ ಮೀಸಲು ಹೊರದೇಶಗಳಲ್ಲಿ ಸ್ಥಗಿತಗೊಂಡು, ಸಂಬಳ ನಿಂತು, ಬ್ಯಾಂಕುಗಳಲ್ಲಿ ನಗದು ಬತ್ತಿತು. ನವೆಂಬರ್‌ನಿಂದ ಮಾರ್ಚ್‌ವರೆಗೆ 2.28 ಕೋಟಿ ಜನ ತೀವ್ರ ಆಹಾರದ ಕೊರತೆ ಎದುರಿಸುವರೆಂದು ಅಂದಾಜಿಸಲಾಯಿತು. ತಾಲಿಬಾನ್ ಮೇಲಿನ ನಿರ್ಬಂಧಗಳಿಂದ ಮಾನವೀಯ ನೆರವಿಗೆ ವಿನಾಯಿತಿ ಕೊಡುವ 2615ನೇ ನಿರ್ಣಯ ಭದ್ರತಾ ಮಂಡಳಿಯಲ್ಲಿ ಅಂಗೀಕಾರವಾಗಿದ್ದು ಡಿಸೆಂಬರ್ 22ರಂದು. ಚಿಲ್ಲಾದ ಹೊಸ್ತಿಲಲ್ಲಿ.

ಮರುವರ್ಷ ಡಿಸೆಂಬರ್ 24ರಂದು ತಾಲಿಬಾನ್ ಆಡಳಿತವು ಸ್ವಯಂಸೇವಾ ಸಂಸ್ಥೆಗಳಲ್ಲಿ ಮಹಿಳೆಯರು ದುಡಿಯುವುದನ್ನು ನಿಷೇಧಿಸಿತು. ಗಂಡಸರು ಒಳಗೆ ಕಾಲಿಡಲಾಗದ ಮನೆಗಳಲ್ಲಿ ವಿಧವೆಯೊಬ್ಬಳ ಬಳಿ ಸೌದೆ ಎಷ್ಟಿದೆ, ಮಗುವಿಗೆ ಉಸಿರಾಟದ ತೊಂದರೆಯಿದೆಯೇ ಎಂದು ವಿಚಾರಿಸಬಲ್ಲವರು ಮಹಿಳಾ ಸಿಬ್ಬಂದಿ ಮಾತ್ರ. ಹಲವು ದೊಡ್ಡ ಸಂಸ್ಥೆಗಳು ಕೆಲಸ ಸ್ಥಗಿತಗೊಳಿಸಿದವು. ಎರಡೇ ವಾರಗಳಲ್ಲಿ ಶೀತಗಾಳಿ ಎರಗಿತು. ಘೋರ್‌ನಲ್ಲಿ ಉಷ್ಣಾಂಶ ಮೈನಸ್ 33 ಡಿಗ್ರಿಗೆ ಇಳಿಯಿತು, 160ಕ್ಕೂ ಹೆಚ್ಚು ಜನ ಸತ್ತರೆಂದು ಆಡಳಿತವೇ ಹೇಳಿತು. ಆರೋಗ್ಯ ಮತ್ತು ಶಿಕ್ಷಣ ಕ್ಷೇತ್ರಗಳಿಗೆ ಸೀಮಿತ ವಿನಾಯಿತಿ ಸಿಕ್ಕಿತು. ಉಳಿದ ಕಡೆ ಪ್ರಾಂತ್ಯಕ್ಕೊಂದು, ಜಿಲ್ಲೆಗೊಂದು ಸಂಧಾನ ನಡೆಸುತ್ತ ಕೆಲಸ ಮುಂದುವರಿಸಬೇಕಾಯಿತು. 2023ರಲ್ಲಿ ಹಣದ ಕೊರತೆಯಿಂದ ಸುಮಾರು ಒಂದು ಕೋಟಿ ಜನರನ್ನು ವಿಶ್ವ ಆಹಾರ ಕಾರ್ಯಕ್ರಮ ತನ್ನ ಪಡಿತರ ಪಟ್ಟಿಯಿಂದ ಕೈಬಿಟ್ಟಿತು.

2025ರಲ್ಲಿ, ಅದುವರೆಗೆ ಅತಿ ದೊಡ್ಡ ದಾನಿಯಾಗಿದ್ದ ಅಮೆರಿಕ ತನ್ನ ನೆರವನ್ನು ಕಡಿದುಹಾಕಿತು. ನೂರಾರು ಚಿಕಿತ್ಸಾಲಯಗಳು ಬಾಗಿಲು ಮುಚ್ಚಿದವು. ಇರಾನ್ ಮತ್ತು ಪಾಕಿಸ್ತಾನಗಳಿಂದ ಅದೇ ವರ್ಷ 20 ಲಕ್ಷಕ್ಕೂ ಹೆಚ್ಚು ಅಫ್ಘಾನರು ಮರಳಿದರು. ಬಹುಪಾಲು ಜನ ಬಲವಂತಕ್ಕೆ ಸಿಕ್ಕಿ ಬಂದವರು, ಬೇಸಿಗೆಯಲ್ಲಿ ಸೌದೆ ಕೂಡಿಡದವರು. ಆಗಸ್ಟ್ 31ರ ರಾತ್ರಿ ಪೂರ್ವದ ಕುನಾರ್‌ನಲ್ಲಿ ಭೂಕಂಪವಾಗಿ 2,200ಕ್ಕೂ ಹೆಚ್ಚು ಜನ ಸತ್ತರು, ಬೆಟ್ಟದ ಇಳಿಜಾರಿನ ಕಲ್ಲುಮಣ್ಣಿನ ಮನೆಗಳು ಕುಸಿದು ಸಾವಿರಾರು ಕುಟುಂಬಗಳು ಗುಡಾರ ಸೇರಿದವು. ಪಾಕಿಸ್ತಾನದೊಂದಿಗಿನ ಗಡಿ ಕಾಳಗದ ಬೆನ್ನಿಗೆ ಅಕ್ಟೋಬರ್ ನಡುವೆ ತೋರ್ಖಮ್ ಗಡಿದ್ವಾರ ಮುಚ್ಚಿತು. ಬೆಟ್ಟದ ಊರುಗಳಿಗೆ ಹಿಟ್ಟು ಹೋಗಬೇಕಾದ ತಿಂಗಳು ಅದು.