ಪಾಯಿಂಟ್ ಟೂ ಟೂ: ರೈಫಲ್ ಕೊಳ್ಳುವುದು ಒಮ್ಮೆ, ತೋಟಾ ಕೊಳ್ಳುವುದು ವರ್ಷವಿಡೀ

ಮಲೆನಾಡು, ಕೊಡಗಿನ ಮನೆಗಳಲ್ಲಿ ಹಳೆಯ ಕೇಪಿನ ಕೋವಿ ನೋಡಿದವರಿಗೆ ಬಂದೂಕಿನ ಮೂಲತತ್ತ್ವ ಗೊತ್ತಿರುತ್ತದೆ. ನಳಿಕೆಯೊಳಗೆ ಮದ್ದು, ಹೊರಗೆ ಪುಟ್ಟ ಕೇಪು. ಕೇಪಿಗೆ ಪೆಟ್ಟು ಬಿದ್ದರೆ ಕಿಡಿ, ಕಿಡಿಯಿಂದ ಮದ್ದಿಗೆ ಬೆಂಕಿ. ತೋಟಾ ಕೋವಿ ಬಂದ ಮೇಲೆ ಆ ಕೇಪು ತೋಟಾದ ಬುಡದ ನಟ್ಟನಡುವೆ ಹೋಗಿ ಕೂತಿತು. ಆದರೆ .22 (ಹೆಸರು ಬಂದದ್ದು ಸುಮಾರು 0.22 ಇಂಚಿನ ನಳಿಕೆಯ ಅಳತೆಯಿಂದ) ತೋಟಾದ ಬುಡ ತಿರುಗಿಸಿ ನೋಡಿದರೆ ಕೇಪು ಎಲ್ಲೂ ಕಾಣುವುದಿಲ್ಲ. ಬುಡ ನುಣ್ಣಗಿದೆ, ಸುತ್ತ ಒಂದು ತೆಳುವಾದ ಅಂಚು ಇದೆ, ಅಷ್ಟೇ. ಆ ಅಂಚಿನ ಟೊಳ್ಳಾದ ಮಡಿಕೆಯೊಳಗೇ ಸಿಡಿಯುವ ಮಿಶ್ರಣ ಅಡಗಿದೆ. ಫೈರಿಂಗ್ ಪಿನ್ ಬಂದು ಅಂಚನ್ನು ಜಜ್ಜುತ್ತದೆ, ಮಿಶ್ರಣ ಸಿಡಿಯುತ್ತದೆ. ರಿಮ್‌ಫೈರ್ ಎಂದರೆ ಇದು.

1857ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ .22 ಶಾರ್ಟ್ ತೋಟಾ ತಂದಿತು. ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ .22 ಲಾಂಗ್ ರೈಫಲ್ ಬಂದದ್ದು 1887ರಲ್ಲಿ, ಅಮೆರಿಕದ ಸ್ಟೀವನ್ಸ್ ಕಂಪನಿಯಿಂದ. ನಮ್ಮಲ್ಲಿ ಎನ್‌ಸಿಸಿ ಕೆಡೆಟ್‌ಗಳು ಶಿಬಿರದಲ್ಲಿ ಮಲಗಿ ಹೊಡೆಯುವುದು ಇದನ್ನೇ. ಬೆಳಗಾವಿಗೆ ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್ ಕಂಚು ಗೆದ್ದದ್ದೂ ಇದೇ ತೋಟಾದಿಂದ.

ಅಂಚಿನಲ್ಲಿ ಮಿಶ್ರಣ ಇರುವುದರಿಂದ ಮೂರು ಪರಿಣಾಮಗಳಿವೆ. ಮೊದಲ ರೈಫಲ್ ಕೊಳ್ಳುವವರು ಎದುರಿಸುವ ತೊಂದರೆಗಳೆಲ್ಲ ಹೆಚ್ಚುಕಡಿಮೆ ಇವುಗಳಿಂದಲೇ ಹುಟ್ಟುತ್ತವೆ. ಒಂದನೆಯದು, ಪಿನ್ನಿನ ಪೆಟ್ಟಿಗೆ ಅಂಚು ಜಜ್ಜಿಹೋಗಬೇಕಾದರೆ ಹಿತ್ತಾಳೆ ತೆಳುವಾಗಿರಬೇಕು. ತೆಳು ಹಿತ್ತಾಳೆ ಹೆಚ್ಚು ಒತ್ತಡ ತಡೆಯದು, ಹಾಗಾಗಿ ಇದರ ಗರಿಷ್ಠ ಒತ್ತಡ 24,000 ಪಿಎಸ್‌ಐಗೆ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ) ಸೀಮಿತ. ಸೈನಿಕ ರೈಫಲ್ಲಿನ ತೋಟಾದಲ್ಲಿ ಇದರ ಎರಡು ಪಟ್ಟಿಗೂ ಹೆಚ್ಚು. ಒದೆತ ಹಗುರ, ಸದ್ದು ಕಡಿಮೆ, ಕಲಿಯುವವರಿಗೆ ಬೆದರಿಕೆ ಇಲ್ಲ ಎನ್ನುವುದೆಲ್ಲ ಇದರ ಫಲ. ಎರಡನೆಯದು, ಜಜ್ಜಿದ ಅಂಚನ್ನು ಮತ್ತೆ ಮೊದಲಿನಂತೆ ಮಾಡಲಾಗದು. ಬೇರೆ ರೈಫಲ್‌ಗಳ ಖಾಲಿ ತೋಟಾಕ್ಕೆ ಹೊಸ ಕೇಪು, ಹೊಸ ಮದ್ದು ತುಂಬಿಸಿಕೊಳ್ಳುವವರಿದ್ದಾರೆ. ರಿಮ್‌ಫೈರ್‌ನಲ್ಲಿ ಆ ದಾರಿ ಮುಚ್ಚಿದೆ. ಕಾರ್ಖಾನೆ ಕೊಟ್ಟದ್ದೇ ಗತಿ. ಮೂರನೆಯದು, ಕಾರ್ಖಾನೆಯಲ್ಲಿ ಹಸಿ ಮಿಶ್ರಣವನ್ನು ತೋಟಾದೊಳಗೆ ಹಾಕಿ ಗಿರ್ರನೆ ತಿರುಗಿಸಿ ಅಂಚಿನ ಸುತ್ತ ಹರಡುತ್ತಾರೆ. ಅದು ಎಷ್ಟು ಸಮವಾಗಿ ಹರಡಿತು ಎಂಬುದರ ಮೇಲೆ ತೋಟಾ ಸಿಡಿಯುತ್ತದೋ ಇಲ್ಲವೋ, ಪ್ರತಿ ಈಡಿಗೂ ಅದೇ ವೇಗ ಬರುತ್ತದೋ ಇಲ್ಲವೋ ಎಂಬುದು ನಿಂತಿದೆ.

ರೈಫಲ್ ಆರಿಸುವ ವಿಷಯ ಜನ ಅಂದುಕೊಂಡಷ್ಟು ಕಷ್ಟದ್ದಲ್ಲ. ತೋಟಾದ ಹಿಂದೆ ನಳಿಕೆ ಮುಚ್ಚುವ ಉಕ್ಕಿನ ತುಂಡು ಬೋಲ್ಟ್; ಪ್ರತಿ ಈಡಿಗೂ ಅದನ್ನು ಕೈಯಿಂದಲೇ ಎಳೆದು ತಳ್ಳುವ ಬೋಲ್ಟ್ ಆಕ್ಷನ್ ರೈಫಲ್ ಕೊಂಡರೆ ಬಹುಮಟ್ಟಿಗೆ ಯಾವ .22 ಲಾಂಗ್ ರೈಫಲ್ ತೋಟಾ ಬೇಕಾದರೂ ನಡೆಯುತ್ತದೆ, ಒಂದೊಂದೇ ಈಡು ಹೊಡೆಯುವ ಶಿಸ್ತೂ ಬರುತ್ತದೆ. 1964ರಿಂದ ಮಾರುಕಟ್ಟೆಯಲ್ಲಿರುವ ರೂಗರ್ 10/22ರಂತಹ ಸೆಮಿ ಆಟೋಮ್ಯಾಟಿಕ್ ರೈಫಲ್‌ಗಳಲ್ಲಿ ತೋಟಾದ ಒದೆತವೇ ಬೋಲ್ಟನ್ನು ಹಿಂದಕ್ಕೆ ದೂಡಬೇಕು. ಮದ್ದು ಕಡಿಮೆ ಇರುವ ನಿಧಾನದ ತೋಟಾ ಹಾಕಿದರೆ ಬೋಲ್ಟ್ ಅರ್ಧದಾರಿಗೆ ನಿಂತು ಖಾಲಿ ತೋಟಾ ಸಿಕ್ಕಿಬೀಳುತ್ತದೆ. ನಳಿಕೆ ಉದ್ದ ಇದ್ದಷ್ಟೂ ವೇಗ ಹೆಚ್ಚು ಎಂಬ ನಂಬಿಕೆಯೂ ಇಲ್ಲಿ ಸಲ್ಲದು. ಮದ್ದು ಇರುವುದೇ ಚಿಟಿಕೆಯಷ್ಟು, 40 ಸೆಂ.ಮೀ. ಆಸುಪಾಸಿನಲ್ಲಿ ಅದರ ಕೆಲಸ ಬಹುತೇಕ ಮುಗಿದಿರುತ್ತದೆ. ಮ್ಯಾಗಝೀನ್ ತುಂಬುವಾಗ ಮಾತ್ರ ಎಚ್ಚರ ಬೇಕು. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಹಿಂದೆ ಬಿದ್ದರೆ ಎರಡು ಅಂಚುಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ತೋಟಾ ಮೇಲೇರುವುದಿಲ್ಲ.

ತೋಟಾದ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ವೇಗ. ಹೊಸಬರು ಹೆಚ್ಚು ವೇಗದ್ದನ್ನೇ ಎತ್ತಿಕೊಳ್ಳುತ್ತಾರೆ. ಗುರಿ ಅಭ್ಯಾಸಕ್ಕೆ ಅದು ತಪ್ಪು ಆಯ್ಕೆ, ಕಾರಣ ಭೌತಶಾಸ್ತ್ರದಲ್ಲಿದೆ. ಸಾಮಾನ್ಯ .22 ಗುಂಡಿನ ತೂಕ 40 ಗ್ರೇನ್, ಅಂದರೆ 2.6 ಗ್ರಾಂ. ‘ಸ್ಟ್ಯಾಂಡರ್ಡ್ ವೆಲಾಸಿಟಿ’ ತೋಟಾದಲ್ಲಿ ಅದು ನಳಿಕೆಯಿಂದ ಸೆಕೆಂಡಿಗೆ ಸುಮಾರು 326 ಮೀಟರ್ ವೇಗದಲ್ಲಿ ಹೊರಬೀಳುತ್ತದೆ, ‘ಹೈ ವೆಲಾಸಿಟಿ’ಯಲ್ಲಿ 370–380 ಮೀಟರ್. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯಲ್ಲಿ ಶಬ್ದದ ವೇಗ 343 ಮೀಟರ್. ಅಂದರೆ ಮೊದಲನೆಯದು ಶಬ್ದಕ್ಕಿಂತ ನಿಧಾನವಾಗಿ ಹೊರಟು ನಿಧಾನವಾಗಿಯೇ ಹೋಗುತ್ತದೆ. ಎರಡನೆಯದು ಶಬ್ದವನ್ನು ಮೀರಿ ಹೊರಟು ದಾರಿಯಲ್ಲೇ ಅದರ ಕೆಳಗಿಳಿಯುತ್ತದೆ. ಆ ಗಡಿಯ ಆಸುಪಾಸಿನಲ್ಲಿ ಗಾಳಿಯ ಪ್ರತಿರೋಧ ಒಮ್ಮೆಗೇ ಏರುತ್ತದೆ, ಮೊಂಡು ಮೂಗಿನ ಸೀಸದ ಗುಂಡು ವೇಗವನ್ನು ಬೇಗ ಬೇಗ ಕಳೆದುಕೊಳ್ಳುತ್ತದೆ.

ಅಡ್ಡಗಾಳಿಗೆ ಗುಂಡು ಎಷ್ಟು ಸರಿಯುತ್ತದೆ ಎನ್ನುವುದನ್ನು ಹಾರಾಟದ ಒಟ್ಟು ಸಮಯ ನಿರ್ಧರಿಸುವುದಿಲ್ಲ. ಗಾಳಿಯ ತಡೆಯೇ ಇಲ್ಲದಿದ್ದರೆ ಹಿಡಿಯುತ್ತಿದ್ದ ಸಮಯಕ್ಕಿಂತ ಗುಂಡು ಎಷ್ಟು ತಡವಾಗಿ ತಲುಪಿತು, ಆ ವ್ಯತ್ಯಾಸವನ್ನು ಗಾಳಿಯ ವೇಗದಿಂದ ಗುಣಿಸಿದರೆ ಸರಿತ ಸಿಗುತ್ತದೆ. ಹೈ ವೆಲಾಸಿಟಿ ಗುಂಡು ಬೇಗ ತಲುಪುವುದು ನಿಜ, ಆದರೆ ಅದು ಕಳೆದುಕೊಂಡ ಸಮಯವೇ ಹೆಚ್ಚು. ಹಾಗಾಗಿ ಗಂಟೆಗೆ 16 ಕಿ.ಮೀ. ಅಡ್ಡಗಾಳಿಯಲ್ಲಿ 100 ಮೀಟರ್ ದೂರಕ್ಕೆ ನಿಧಾನದ ಗುಂಡು 10–13 ಸೆಂ.ಮೀ. ಸರಿದರೆ ವೇಗದ್ದು ಅದಕ್ಕಿಂತ ಮೂರು ನಾಲ್ಕು ಸೆಂ.ಮೀ. ಹೆಚ್ಚು ಸರಿಯುತ್ತದೆ. ಸ್ಪರ್ಧೆಯ ತೋಟಾಗಳೆಲ್ಲ ಶಬ್ದಕ್ಕಿಂತ ಕೆಳಗಿನ ವೇಗದಲ್ಲಿರುವುದು ಸುಮ್ಮನೆ ಅಲ್ಲ.

ವೇಗ ಎಷ್ಟು ಎಂಬುದಕ್ಕಿಂತ ಈಡಿನಿಂದ ಈಡಿಗೆ ಅದು ಎಷ್ಟು ಏರುಪೇರಾಗುತ್ತದೆ ಎಂಬುದು ಮುಖ್ಯ. 50 ಮೀಟರ್ ದಾಟಲು ಗುಂಡಿಗೆ ಸುಮಾರು 0.16 ಸೆಕೆಂಡ್ ಬೇಕು. ಅಷ್ಟರಲ್ಲಿ ಅದು ನಳಿಕೆಯ ನೇರಕ್ಕಿಂತ 12 ಸೆಂ.ಮೀ.ಯಷ್ಟು ಕೆಳಗಿಳಿದಿರುತ್ತದೆ. ಎರಡು ಈಡುಗಳ ನಡುವೆ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸ ಇದ್ದರೆ ಈ ಇಳಿತ ಶೇ. 6ರಷ್ಟು ಬದಲಾಗುತ್ತದೆ, ಅಂದರೆ ಮೇಲೆ ಕೆಳಗೆ 7 ಮಿ.ಮೀ. ಅಂತರ. ಅಂತಾರಾಷ್ಟ್ರೀಯ 50 ಮೀಟರ್ ಗುರಿಪಟದಲ್ಲಿ ಹತ್ತರ ವೃತ್ತದ ವ್ಯಾಸವೇ 10.4 ಮಿ.ಮೀ. ಕೈ ಅಲುಗದಿದ್ದರೂ, ಉಸಿರು ಸರಿಯಾಗಿ ಹಿಡಿದಿದ್ದರೂ ತೋಟಾವೇ ಅಂಕ ಕಿತ್ತುಕೊಳ್ಳಬಲ್ಲದು. 100 ಮೀಟರಿಗೆ ಅದೇ ವ್ಯತ್ಯಾಸ 3 ಸೆಂ.ಮೀ. ದಾಟುತ್ತದೆ.

ಹಾಗೆಂದು ಅತಿ ದುಬಾರಿ ತೋಟಾ ಕೊಂಡರೆ ಮುಗಿಯಿತು ಎನ್ನುವಂತಿಲ್ಲ. ಒಂದೇ ಮಾದರಿಯ ಎರಡು ರೈಫಲ್‌ಗಳು ಒಂದೇ ತೋಟಾವನ್ನು ಒಂದೇ ರೀತಿ ಒಪ್ಪುವುದಿಲ್ಲ. ಒಂದೇ ಹೆಸರಿನ ತೋಟಾದ ಎರಡು ಲಾಟ್‌ಗಳೂ (ಒಂದು ಸಲಕ್ಕೆ ಒಟ್ಟಿಗೆ ತಯಾರಾದ ಕಂತು) ಒಂದೇ ತರ ಇರುವುದಿಲ್ಲ. ಆದ್ದರಿಂದ ಸ್ವಂತ ರೈಫಲ್ಲಿನಲ್ಲಿ ಪರೀಕ್ಷೆ ಮಾಡಲೇಬೇಕು. ಗಾಳಿ ಇಲ್ಲದ ಬೆಳಗ್ಗೆ ಆರಿಸಿಕೊಳ್ಳಿ. ನಾಲ್ಕೈದು ಬಗೆಯ ತೋಟಾ, ಪ್ರತಿಯೊಂದರ 50ರ ಒಂದೊಂದು ಪೆಟ್ಟಿಗೆ ಸಾಕು. ಸಿಸಿಐ ಸ್ಟ್ಯಾಂಡರ್ಡ್, ಎಸ್‌ಕೆ, ಈಲಿ ಮುಂತಾದ ಕಂಪನಿಗಳವು. ಮರಳು ಚೀಲದ ಮೇಲೆ ರೈಫಲ್ ಇಟ್ಟು ಮೊದಲ 10–15 ಈಡುಗಳನ್ನು ಎಣಿಕೆಗೆ ತೆಗೆದುಕೊಳ್ಳದೆ ಹೊಡೆಯಬೇಕು. ಪ್ರತಿ ಕಂಪನಿಯೂ ಗುಂಡಿಗೆ ತನ್ನದೇ ಮೇಣ ಅಥವಾ ಗ್ರೀಸ್ ಬಳಿದಿರುತ್ತದೆ. ನಳಿಕೆಯಲ್ಲಿ ಹಳೆಯ ಮೇಣ ಹೋಗಿ ಹೊಸದು ಕೂರುವವರೆಗೆ ಗುಂಡು ಸ್ಥಿರವಾಗಿ ಬೀಳುವುದಿಲ್ಲ. ಬಹಳ ಮಂದಿ ಈ ಹಂತ ಬಿಟ್ಟು ಒಳ್ಳೆಯ ತೋಟಾವನ್ನು ಕೆಟ್ಟದ್ದೆಂದು ತಳ್ಳಿಹಾಕುತ್ತಾರೆ.

ಆಮೇಲೆ ಐದೈದು ಈಡುಗಳ ಐದು ಗುಂಪು. ಗುಂಪಿನ ಅತಿ ದೂರದ ಎರಡು ರಂಧ್ರಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 5.6 ಮಿ.ಮೀ. ಕಳೆದರೆ ನಡುವಿನಿಂದ ನಡುವಿನ ಅಂತರ ಸಿಗುತ್ತದೆ. ಐದರ ಸರಾಸರಿ ತೆಗೆಯಿರಿ. ಒಂದೇ ಗುಂಪು ನೋಡಿ ತೀರ್ಮಾನಿಸಬಾರದು. ಅದೇ ತೋಟಾ, ಅದೇ ರೈಫಲ್, ಬರೀ ಆಕಸ್ಮಿಕದಿಂದಲೇ ಒಂದು ಗುಂಪು ಇನ್ನೊಂದರ ಎರಡರಷ್ಟು ಹರಡಬಹುದು. ಗೆದ್ದ ತೋಟಾದ ಪೆಟ್ಟಿಗೆಯ ಮೇಲಿನ ಲಾಟ್ ಸಂಖ್ಯೆ ಬರೆದಿಟ್ಟುಕೊಂಡು ಅದೇ ಲಾಟಿನದನ್ನು ನಿಮಗೆ ಬೇಕಾದಷ್ಟು ಬೇಗ ಕೊಳ್ಳಿ. ಆ ಲಾಟ್ ಮುಗಿದರೆ ಮತ್ತೆ ಬಾರದು. ಜರ್ಮನಿಯ ಶೋನೆಬೆಕ್‌ನಲ್ಲಿ ತೋಟಾ ತಯಾರಿಸುವ ಲಾಪುವಾ ಕಂಪನಿಯ ಪರೀಕ್ಷಾ ಕೇಂದ್ರಕ್ಕೆ ಸ್ಪರ್ಧಿಗಳು ರೈಫಲ್ ಹೊತ್ತುಕೊಂಡೇ ಹೋಗಿ, ಲಾಟ್ ಮೇಲೆ ಲಾಟ್ ಹೊಡೆದು ನೋಡಿ ಕೊಳ್ಳುತ್ತಾರೆ.

ಎಷ್ಟು ಕೊಳ್ಳಬೇಕು? ವಾರಕ್ಕೊಮ್ಮೆ ರೇಂಜಿಗೆ ಹೋಗಿ 100 ಈಡು ಹೊಡೆದರೆ ವರ್ಷಕ್ಕೆ 5,200. ಅಮೆರಿಕದಲ್ಲಿ 500ರ ಕಟ್ಟನ್ನು ಬ್ರಿಕ್ ಎನ್ನುತ್ತಾರೆ. ಹತ್ತು ಬ್ರಿಕ್ ಇದ್ದರೆ ಹೆಚ್ಚುಕಡಿಮೆ ವರ್ಷ ಸಾಗುತ್ತದೆ. ಮೂರರಿಂದ ಆರು ತಿಂಗಳ ದಾಸ್ತಾನು ಇಟ್ಟುಕೊಂಡು, ಅರ್ಧ ಖಾಲಿಯಾದಾಗ ಮತ್ತೆ ತುಂಬಿಸುವುದು ಜಾಣತನ. 2012ರ ಕೊನೆಯಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಅಮೆರಿಕದ ಅಂಗಡಿಗಳಲ್ಲಿ .22 ತೋಟಾ ಸಿಗುವುದೇ ಕಷ್ಟವಾಗಿತ್ತು. 2020ರಲ್ಲಿ ಮತ್ತೆ ತೋಟಾಗಳ ಕೊರತೆ ಬಂತು. ಅಂಚಿಗೆ ಮಿಶ್ರಣ ತುಂಬುವ ಯಂತ್ರಗಳೇ ಬೇರೆ, ಇತರ ತೋಟಾದ ಯಂತ್ರಗಳನ್ನು ಇದಕ್ಕೆ ತಿರುಗಿಸಲಾಗದು. ತಾತ್ಕಾಲಿಕ ಬೇಡಿಕೆಗಾಗಿ ಹೊಸ ಕಾರ್ಖಾನೆ ಕಟ್ಟಲು ಯಾರೂ ಮುಂದಾಗುವುದಿಲ್ಲ. ಅತ್ತ ಪ್ರತಿಯೊಬ್ಬರೂ ಮನೆಯ ದಾಸ್ತಾನು ಎರಡರಷ್ಟು ಮಾಡಿಕೊಂಡರೆ ಕೊರತೆ ಹಿಗ್ಗುತ್ತಾ ಹೋಗುತ್ತದೆ. ಬಣವೆ ಒಟ್ಟಿದಂತೆ ಒಟ್ಟಿಕೊಳ್ಳುವವರಿಂದ ಹೊಸದಾಗಿ ಕಲಿಯುವ ಮಕ್ಕಳಿಗೇ ಮೊದಲು ಪೆಟ್ಟು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಎಚ್-1ಬಿ, ಎಫ್-1 ಮುಂತಾದ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಮಾತ್ರವಲ್ಲ, ತೋಟಾ ಇಟ್ಟುಕೊಳ್ಳುವುದನ್ನೂ ಅಲ್ಲಿನ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸಿದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂತಹ ಕೆಲವು ವಿನಾಯಿತಿಗಳಿವೆ; ಕೊಳ್ಳುವ ಮೊದಲು ವಕೀಲರನ್ನು ಕೇಳುವುದು ಕ್ಷೇಮ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಇಲ್ಲ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು, ಅದರಲ್ಲಿ ನಮೂದಿಸಿದ ಮಿತಿಯೊಳಗೇ ತೋಟಾ ಕೊಳ್ಳಬೇಕು. ಕೊಡವರಿಗೆ ಮತ್ತು ಕೊಡಗಿನ ವಂಶಪಾರಂಪರ್ಯ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿದೆ. ಆ ವಿನಾಯಿತಿಗೂ ಷರತ್ತುಗಳಿವೆ.

ಕೊಂಡ ತೋಟಾ ಕೆಡುವುದು ತೇವ ಮತ್ತು ಬಿಸಿಯಿಂದ. .22ರಲ್ಲಿ ಗುಂಡಿನ ಹಿಂಭಾಗ ಸಣ್ಣದಾಗಿ ತೋಟಾದ ಬಾಯಿಗೆ ಕೂತಿರುತ್ತದೆ, ಹಿಡಿತ ಸಡಿಲ. ಬೆರಳಿನಿಂದ ತಿರುಚಿದರೂ ಕೆಲವು ಅಲುಗುತ್ತವೆ. ಹಾಗಾಗಿ ಮಳೆಗಾಲದ ಮಡಿಕೇರಿಯ ತೇವಕ್ಕೆ ಇದು ಸುಲಭದ ತುತ್ತು. ರಬ್ಬರ್ ಅಂಚಿರುವ ಉಕ್ಕಿನ ಡಬ್ಬಿಯಲ್ಲಿ, ಕಂಪನಿಯ ಪೆಟ್ಟಿಗೆಯ ಸಮೇತ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಬೀಗ ಹಾಕಿಡಿ. ರೈಫಲ್ ಬೇರೆ ಕಡೆ, ಅದಕ್ಕೂ ಬೀಗ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ ಗುಂಡಿನ ಮೇಣ ಕರಗುತ್ತದೆ. ತುಕ್ಕು ಬಾರದಿರಲೆಂದು ತೋಟಾಕ್ಕೆ ಎಣ್ಣೆ ಸಿಂಪಡಿಸುವುದು ಇನ್ನೂ ಕೆಟ್ಟದ್ದು. ಎಣ್ಣೆ ಒಳಗೆ ಇಳಿದು ಮಿಶ್ರಣವನ್ನೇ ಸಾಯಿಸುತ್ತದೆ.

ಶುಚಿಗೊಳಿಸುವುದನ್ನು ಹೊಸಬರು ಅತಿ ಮಾಡುತ್ತಾರೆ. ನಳಿಕೆಯನ್ನು ಪ್ರತಿ ಸಲ ಉಜ್ಜಬೇಕಿಲ್ಲ. ಚೇಂಬರಿನ (ತೋಟಾ ಕೂರುವ ಗೂಡಿನ) ಬಾಯಲ್ಲಿ ಕಟ್ಟುವ ಮೇಣ, ಮಸಿಯನ್ನು ಮಾತ್ರ ತೆಗೆಯುತ್ತಿರಿ. ನಳಿಕೆಗೆ ಬಟ್ಟೆ ಎಳೆಯುವುದಾದರೆ ಸಾಧ್ಯವಿದ್ದಲ್ಲೆಲ್ಲ ಹಿಂದಿನಿಂದ ಮುಂದಕ್ಕೆ ಎಳೆಯಿರಿ. ಮುಂದಿನ ಬಾಯಿಯ ಅಂಚು ಸವೆದರೆ ಗುರಿ ಹೋದಂತೆಯೇ. ಗುಂಡೂ ಸೀಸ, ಬಹುತೇಕ ತೋಟಾಗಳ ಸಿಡಿಮಿಶ್ರಣದಲ್ಲೂ ಸೀಸದ ಸಂಯುಕ್ತ. ರೇಂಜಿನಲ್ಲಿ ತಿಂಡಿ ತಿನ್ನಬೇಡಿ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಇಲ್ಲದೆ ಒಂದು ಈಡೂ ಬೇಡ. ಸಣ್ಣ ತೋಟಾ ಎಂದು ಸಲಿಗೆಯೂ ಬೇಡ. ಈ ಗುಂಡು ಒಂದೂವರೆ ಕಿ.ಮೀ.ಯಷ್ಟು ಅಥವಾ ಇನ್ನೂ ಹೆಚ್ಚು ದೂರ ಹೋಗಬಲ್ಲದು, ನೀರು ಅಥವಾ ಗಟ್ಟಿ ನೆಲಕ್ಕೆ ತಗುಲಿದರೆ ಪುಟಿದು ದಿಕ್ಕು ಬದಲಿಸುತ್ತದೆ. ಗುರಿಯ ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು.

ಟ್ರಿಗರ್ ಎಳೆದಾಗ ಟಕ್ ಎಂದು ಸುಮ್ಮನಾದರೆ ನಳಿಕೆಯನ್ನು ಗುರಿಯತ್ತಲೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಆಮೇಲೆ ಬೋಲ್ಟ್ ತೆಗೆದು ತೋಟಾ ನೋಡಿ. ಅಂಚಿನಲ್ಲಿ ಪಿನ್ನಿನ ಗುರುತು ಆಳವಾಗಿದ್ದರೆ ದೋಷ ತೋಟಾದ್ದು, ಆ ಜಾಗದಲ್ಲಿ ಮಿಶ್ರಣ ಹರಡಿರಲಿಲ್ಲ. ತೋಟಾ ಮೇಲೆ ತೋಟಾ ಹೀಗಾಗುತ್ತಿದ್ದು ಗುರುತು ತೆಳುವಾಗಿದ್ದರೆ ಬೋಲ್ಟಿನೊಳಗೆ ಕೊಳೆ ಕಟ್ಟಿದೆ ಅಥವಾ ಸ್ಪ್ರಿಂಗ್ ಸೋತಿದೆ. ಸದ್ದು ಎಂದಿಗಿಂತ ಮೆತ್ತಗೆ ಬಂದು ಗುರಿಪಟದಲ್ಲಿ ರಂಧ್ರ ಕಾಣದಿದ್ದರೆ ಮುಂದಿನ ಈಡು ಹೊಡೆಯಲೇಬಾರದು: ಗುಂಡು ನಳಿಕೆಯಲ್ಲೇ ನಿಂತಿರಬಹುದು. ರೈಫಲ್ ಖಾಲಿ ಮಾಡಿ, ಬೋಲ್ಟ್ ತೆಗೆದು, ನಳಿಕೆಯಲ್ಲಿ ರಾಡ್ ಆಡುತ್ತದೆಯೇ ನೋಡಿ. ಸಿಡಿಯದ ತೋಟಾವನ್ನು ಕಸದ ಬುಟ್ಟಿಗೆ ಹಾಕುವುದಾಗಲಿ, ಬಿಚ್ಚಿ ನೋಡುವುದಾಗಲಿ ಬೇಡ. ರೇಂಜ್ ಅಧಿಕಾರಿಗೆ ಕೊಡಿ. ವಿಲೇವಾರಿ ಅವರ ಕೆಲಸ.