ವಿದುರನಿಗೆ ಪುಟವಿಲ್ಲ

ಜುಲೈ 1ರ ಪತ್ರಿಕಾ ದಿನಾಚರಣೆ ಕೊಡಗಿಗೆ ಬರುವುದು ಜಡಿಮಳೆಯ ಜೊತೆಗೇ. ಬಾಗಿಲಲ್ಲಿ ನೀರಿಳಿಯುವ ಕೊಡೆಗಳು, ಒಳಗೆ ಶಾಲು, ಹಾರ, ಭಾಷಣ. 'ಮಾಧ್ಯಮದ ಮೌಲ್ಯ ಕುಸಿದಿದೆ' ಎಂದು ಅತಿಥಿಗಳು ಹೇಳುತ್ತಾರೆ, ಸಭೆ ಚಪ್ಪಾಳೆ ತಟ್ಟುತ್ತದೆ. ಕುಸಿದದ್ದು ಯಾವಾಗ, ಕಾಯಬೇಕಾದವರು ಆಗ ಎಲ್ಲಿದ್ದರು ಎಂದು ಯಾರೂ ಕೇಳುವುದಿಲ್ಲ.

1843ರಲ್ಲಿ ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರತಂದ ದಿನವಿದು. ಅವರು ಮುಂದೆ ಕೊಡಗಿಗೂ ಬಂದರು. ಸ್ವಾತಂತ್ರ್ಯ ಹೋರಾಟದ ಕಾಲಕ್ಕೆ ಪಂದ್ಯಂಡ ಬೆಳ್ಯಪ್ಪನವರ 'ಕೊಡಗು', 1957ಕ್ಕೆ ಮಡಿಕೇರಿಯ 'ಶಕ್ತಿ'. ಪುಟ್ಟ ಜಿಲ್ಲೆಗೆ ಪತ್ರಿಕೆಗಳ ಬರವೇನೂ ಇರಲಿಲ್ಲ. ಅತ್ತ ದೆಹಲಿಯಲ್ಲಿ 1966ರಲ್ಲಿ ಪತ್ರಿಕೆಗಳ ನಡತೆ ನೋಡುವ ಪತ್ರಿಕಾ ಮಂಡಳಿ (ಪ್ರೆಸ್ ಕೌನ್ಸಿಲ್) ಹುಟ್ಟಿತು, ತುರ್ತು ಪರಿಸ್ಥಿತಿಯಲ್ಲಿ ಸತ್ತಿತು, 1978ರ ಕಾಯ್ದೆಯಿಂದ ಮತ್ತೆ ಹುಟ್ಟಿತು. ಅದು ಎಚ್ಚರಿಸಬಹುದು, ಖಂಡಿಸಬಹುದು. ದಂಡ ಹಾಕುವಂತಿಲ್ಲ.

ಪತ್ರಕರ್ತರಿಗಾಗಿಯೇ ಇರುವ ಪತ್ರಿಕೆಗಳ ಕಥೆ ಬೇರೆ. ಪ್ರೆಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ತನ್ನದಕ್ಕೆ 'ವಿದುರ' ಎಂದು ಹೆಸರಿಟ್ಟಿತು. ಧೃತರಾಷ್ಟ್ರನ ಅನ್ನ ಉಂಡೂ ಅವನೆದುರೇ ಕಹಿ ನುಡಿದವನ ಹೆಸರು. 2001ರಲ್ಲಿ ಮಾಧ್ಯಮಗಳ ಮೇಲೆ ಕಣ್ಣಿಡುವ ಜಾಲತಾಣ, ಸೆವಂತಿ ನೈನನ್ ಅವರ 'ದಿ ಹೂಟ್' ಬಂತು. ಆದರೆ ಇಂಥವು ಬೆರಳೆಣಿಕೆ. ಉಳಿದೆಡೆ ಓದಲು ಸಿಗುವುದು ಯಾರು ಯಾವ ಚಾನೆಲ್‌ಗೆ ಹಾರಿದರು, ಯಾರಿಗೆ ಪ್ರಶಸ್ತಿ, ಯಾರ ಟಿಆರ್‌ಪಿ ಎಷ್ಟು ಎಂಬುದೇ.

2009ರ ಚುನಾವಣೆಯನ್ನು ನೆನೆಯಿರಿ. ಒಬ್ಬ ನಾಯಕರನ್ನು ಹೊಗಳಿದ ಒಂದೇ ಬರಹ ಮಹಾರಾಷ್ಟ್ರದ ಪ್ರತಿಸ್ಪರ್ಧಿ ಪತ್ರಿಕೆಗಳಲ್ಲಿ ಬೇರೆ ಬೇರೆ ವರದಿಗಾರರ ಹೆಸರಿನಡಿ ಅಚ್ಚಾದದ್ದನ್ನು ಪತ್ರಕರ್ತ ಪಿ. ಸಾಯಿನಾಥ್ ಬಯಲಿಗೆಳೆದರು. ಪತ್ರಿಕಾ ಮಂಡಳಿಯ ಇಬ್ಬರು ಸದಸ್ಯರು 'ಕಾಸಿಗಾಗಿ ಸುದ್ದಿ', ಅಂದರೆ ಹಣ ಪಡೆದು ಸುದ್ದಿಯ ವೇಷದಲ್ಲಿ ಅಚ್ಚು ಹಾಕುವ ಪ್ರಚಾರದ ಬಗ್ಗೆ 71 ಪುಟಗಳ ವರದಿ ಬರೆದರು, ಪತ್ರಿಕೆಗಳ ಹೆಸರುಗಳ ಸಮೇತ. 2010ರಲ್ಲಿ ಮಂಡಳಿ ಹೊರಬಿಟ್ಟದ್ದು ಹೆಸರು ಕಳಚಿದ ಚಿಕ್ಕ ವರದಿಯನ್ನು. ಪೂರ್ಣ ಪ್ರತಿಗೆ 2011ರವರೆಗೆ ಕಾಯಬೇಕಾಯಿತು, ಅದೂ ಕೇಂದ್ರ ಮಾಹಿತಿ ಆಯೋಗ ಹೇಳಿದ ಮೇಲೆ. ಒಳಗಿನವರ ತಪ್ಪನ್ನು ಒಳಗಿನವರು ಎಷ್ಟು ಮೆತ್ತಗೆ ಮುಟ್ಟುತ್ತಾರೆ ಎನ್ನಲು ಬೇರೆ ಸಾಕ್ಷಿ ಹುಡುಕಬೇಕಿಲ್ಲ.

ನಮ್ಮಲ್ಲಿ ವ್ಯವಹಾರ ಇಷ್ಟು ದೊಡ್ಡದಲ್ಲ, ಅದಕ್ಕೇ ಕಣ್ಣಿಗೆ ಬೀಳುವುದೂ ಇಲ್ಲ. ಹೋಬಳಿ ಮಟ್ಟದ ಅರೆಕಾಲಿಕ ವರದಿಗಾರನಿಗೆ ಸಿಗುವ ಗೌರವಧನ ಪೆಟ್ರೋಲಿಗೂ ಸಾಲದು. ಹೊಟ್ಟೆ ತುಂಬುವುದು ಜಾಹೀರಾತಿನ ಕಮಿಷನ್ನಿನಿಂದ. ದಸರಾ ಪುರವಣಿ, ಹುತ್ತರಿ ಪುರವಣಿ ಎಂದರೆ ಅವನ ಪಾಲಿಗೆ ಟಾರ್ಗೆಟ್. ಬೆಳಿಗ್ಗೆ ಯಾರ ಮೇಜಿನೆದುರು ರಸೀದಿ ಪುಸ್ತಕ ಹಿಡಿದು ಕೂತನೋ, ಸಂಜೆ ಅವರೇ ಗುಡ್ಡದ ಬರೆ ಅಗೆದ ಸುದ್ದಿ ಬರೆಯಬೇಕು. ಅವನನ್ನು ಬೈದು ಪ್ರಯೋಜನವಿಲ್ಲ.

2018ರ ಆಗಸ್ಟ್‌ನ ಮಹಾಮಳೆಯಲ್ಲಿ ಮಾಧ್ಯಮದ ಇನ್ನೊಂದು ಮುಖ ಕಂಡಿತು. ಮಣ್ಣಿನೊಂದಿಗೆ ಜಾರಿದ ಎರಡಂತಸ್ತಿನ ಮನೆಯ ದೃಶ್ಯ ಟಿವಿಯಲ್ಲಿ ದಿನವಿಡೀ ತಿರುಗಿತು. ಬೆಟ್ಟ ಕುಸಿದದ್ದು ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ. ದೂರದ ಪೊನ್ನಂಪೇಟೆಯಲ್ಲಿದ್ದ ನಮ್ಮಕ್ಕನಿಗೆ ಬೆಂಗಳೂರಿನಿಂದ ಫೋನು: 'ಕೊಡಗೇ ಹೋಯ್ತಂತಲ್ಲ, ಎಲ್ಲಿದ್ದೀರಿ?' ಅಕ್ಕ ಆಗ ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು.

ಮೊನ್ನೆ ಪತ್ರಿಕಾ ದಿನದ ಹಳೆಯ ಸ್ಮರಣ ಸಂಚಿಕೆಯೊಂದು ಕೈಗೆ ಸಿಕ್ಕಿತು. ಆ ಮಳೆಯ ವರದಿಗಾರಿಕೆ ಕುರಿತು ಒಂದು ಲೇಖನವಿತ್ತು, ಅರ್ಧ ಪುಟ. ಕೆಳಗಿನ ಅರ್ಧದಲ್ಲಿ ಬೆಟ್ಟದಂಚಿನ ರೆಸಾರ್ಟೊಂದರ ಶುಭಾಶಯ. ಮುಂದಿನ ಪುಟದಿಂದ ಸನ್ಮಾನಿತರ ಪರಿಚಯ.