ಸೈಡರಿನಲ್ಲಿ ಸೇಬೆಷ್ಟು, ಕ್ಯಾಲೊರಿ ಎಷ್ಟು?

"ಡಯಟ್ ಮಾಡ್ತಿದ್ದೀನಿ. ಬಿಯರ್ ಬಿಟ್ಟು ಸೈಡರ್ ಕುಡಿಯಬಹುದಾ? ಅದು ಸೇಬಿನದ್ದಲ್ವಾ?"

ಬೆಂಗಳೂರಿನ ಪಬ್‌ಗಳಲ್ಲಿ ಸೈಡರ್ ಎಂಬ ಸೇಬಿನ ಮದ್ಯ ಸಿಗತೊಡಗಿದ ಮೇಲೆ ಈ ಪ್ರಶ್ನೆ ಆಗಾಗ ಕಿವಿಗೆ ಬೀಳುತ್ತದೆ. ಓದಲು, ಕೆಲಸಕ್ಕೆ ಅಂತ ಇಂಗ್ಲೆಂಡಿಗೆ ಹೋದ ನಮ್ಮವರಿಗೆ ಇದು ಇನ್ನೂ ಹತ್ತಿರದ ಪ್ರಶ್ನೆ. ಅಲ್ಲಿ ಯಾವ ಪಬ್‌ಗೆ ಹೋದರೂ ಬಿಯರಿನ ನಲ್ಲಿಯ ಪಕ್ಕದಲ್ಲೇ ಸೈಡರಿನ ನಲ್ಲಿಯೂ ಇರುತ್ತದೆ. ಸೇಬಿನ ಹೆಸರು ಕೇಳಿದರೆ ಆರೋಗ್ಯ ನೆನಪಾಗುವುದು ಸಹಜ. ಹಾಗಾಗಿ ಪ್ರಶ್ನೆಯನ್ನು ತಳ್ಳಿಹಾಕದೆ ಸರಿಯಾಗಿ ನೋಡೋಣ.

ಇಲ್ಲಿ ಹೇಳುತ್ತಿರುವುದು ಸೇಬಿನ ರಸವನ್ನು ಹುಳಿಬರಿಸಿ ಮಾಡುವ ಮದ್ಯದ ಬಗ್ಗೆ. ಇಂಗ್ಲೆಂಡಿನ ಸಾಮರ್ಸೆಟ್, ಹೆರೆಫರ್ಡ್‌ಶೈರ್, ಫ್ರಾನ್ಸಿನ ನಾರ್ಮಂಡಿ, ಬ್ರಿಟನಿ, ಸ್ಪೇನಿನ ಆಸ್ತೂರಿಯಾಸ್ ಇದರ ತವರು. ಅಲ್ಲಿ ಇದಕ್ಕೆಂದೇ ಬೆಳೆಯುವ ಸೇಬುಗಳಿವೆ. ಡ್ಯಾಬಿನೆಟ್, ಕಿಂಗ್‌ಸ್ಟನ್ ಬ್ಲ್ಯಾಕ್, ಯಾರ್ಲಿಂಗ್‌ಟನ್ ಮಿಲ್ ಎಂಬ ಹೆಸರಿನವು. ಕಚ್ಚಿದರೆ ಬಾಯೆಲ್ಲ ಒಗರು. ಹಾಗೇ ತಿನ್ನಲು ಯಾರಿಗೂ ಇಷ್ಟವಾಗುವುದಿಲ್ಲ. ಆದರೆ ಆ ಒಗರೇ ಒಳ್ಳೆಯ ಸೈಡರಿನ ಜೀವ. ಬ್ರಿಸ್ಟಲ್ ಬಳಿಯ ಲಾಂಗ್ ಆ್ಯಷ್ಟನ್‌ನಲ್ಲಿ 1903ರಲ್ಲಿ ಇದಕ್ಕಾಗಿಯೇ ಒಂದು ಸಂಶೋಧನಾ ಕೇಂದ್ರ ಶುರುವಾಯಿತು. ಒಗರೆಷ್ಟು, ಹುಳಿಯೆಷ್ಟು ಎಂದು ಅಳೆದು ಸೈಡರ್ ಸೇಬುಗಳನ್ನು ನಾಲ್ಕು ಗುಂಪಾಗಿ ವಿಂಗಡಿಸಿದ್ದು ಅಲ್ಲೇ. ಆ ವಿಂಗಡಣೆಯನ್ನು ಇವತ್ತಿಗೂ ಬಳಸುತ್ತಾರೆ.

ಹಿಂದೆ ಕುದುರೆ ಕಟ್ಟಿ ತಿರುಗಿಸುವ ಕಲ್ಲಿನ ಗಾಣದಲ್ಲಿ ಹಣ್ಣನ್ನು ಅರೆಯುತ್ತಿದ್ದರು. ಈಗ ಯಂತ್ರ ಅರೆಯುತ್ತದೆ. ಅರೆದದ್ದನ್ನು ಬಟ್ಟೆಯಲ್ಲಿ ಸುತ್ತಿ, ಒಂದರ ಮೇಲೊಂದು ಪೇರಿಸಿ ಒತ್ತಿದರೆ ಕಂದು ಬಣ್ಣದ ರಸ ಇಳಿಯುತ್ತದೆ. ಉಳಿದ ಹಿಂಡಿಯನ್ನು ದನಗಳಿಗೆ ಹಾಕುವುದುಂಟು. ಡಯಟ್ ಮಾಡುವವರು ಇಲ್ಲೇ ಒಂದು ಕ್ಷಣ ನಿಲ್ಲಬೇಕು. ಸೇಬಿನ ನಾರು ಹೋದದ್ದು ಆ ಹಿಂಡಿಯ ಜೊತೆಗೆ. ಹೊಟ್ಟೆ ತುಂಬಿದ ಹಾಗೆ ಅನಿಸುವುದು, ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುವುದು ಎಲ್ಲ ಆ ನಾರಿನಿಂದ. ಅದರ ಲಾಭ ದನಕ್ಕೆ ಸಿಕ್ಕಿತು, ನಮಗಲ್ಲ.

ಇನ್ನು ರಸದಲ್ಲಿರುವ ಸಕ್ಕರೆ. ಸೈಡರ್ ಮಾಡುವವರ ಕೈಯಲ್ಲಿ ಹೈಡ್ರೋಮೀಟರ್ ಎಂಬ ಗಾಜಿನ ಕಡ್ಡಿ ಇರುತ್ತದೆ. ಬುಡದಲ್ಲಿ ಭಾರ, ಮೇಲೆ ಸಣ್ಣ ಗೆರೆಗಳು. ಹೊಸ ರಸದಲ್ಲಿ ಬಿಟ್ಟರೆ ಎತ್ತರಕ್ಕೆ ತೇಲುತ್ತದೆ, 1.050ರ ಆಸುಪಾಸಿನ ಗೆರೆ ಕಾಣುತ್ತದೆ (ಬರೀ ನೀರಿನಲ್ಲಾದರೆ 1.000). ಅಂದರೆ ಲೀಟರಿಗೆ ನೂರು ಗ್ರಾಂಗೂ ಹೆಚ್ಚು ಸಕ್ಕರೆ. ಹುಳಿಬರಿಸುವ ಸೂಕ್ಷ್ಮಜೀವಿ ಯೀಸ್ಟ್ ಆ ಸಕ್ಕರೆಯನ್ನು ತಿಂದ ಹಾಗೆಲ್ಲ ಕಡ್ಡಿ ಕೆಳಗಿಳಿಯುತ್ತಾ ಬರುತ್ತದೆ. 1.000 ಮುಟ್ಟಿದರೆ ಸಕ್ಕರೆ ಹೆಚ್ಚುಕಡಿಮೆ ಮುಗಿಯಿತು ಅಂತ ಲೆಕ್ಕ. ಇದೇ ಡ್ರೈ ಸೈಡರ್. ಸಿಹಿ ಇಲ್ಲ, ಒಗರು, ಹುಳಿ, ಸಣ್ಣ ಕಹಿ.

ಸಿಹಿ ಇಲ್ಲ ಅಂದಮೇಲೆ ಕ್ಯಾಲೊರಿಯೂ ಇಲ್ಲ ಅಂತ ಅನೇಕರು ಅಂದುಕೊಳ್ಳುತ್ತಾರೆ. ಜಾಸ್ತಿ ಜನ ಎಡವುವುದು ಇಲ್ಲೇ. ಯೀಸ್ಟ್ ನೂರು ಗ್ರಾಂ ಗ್ಲೂಕೋಸನ್ನು ಸುಮಾರು 51 ಗ್ರಾಂ ಆಲ್ಕೊಹಾಲ್, 49 ಗ್ರಾಂ ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಗ್ಯಾಸ್ ಗುಳ್ಳೆಯಾಗಿ ಹಾರಿಹೋಗುತ್ತದೆ. ತೂಕ ಅರ್ಧಕ್ಕರ್ಧ ಇಳಿಯಿತು, ನಿಜ. ಆದರೆ ಸಕ್ಕರೆಯ ಒಂದು ಗ್ರಾಂಗೆ 4 ಕ್ಯಾಲೊರಿ, ಆಲ್ಕೊಹಾಲಿನ ಒಂದು ಗ್ರಾಂಗೆ 7. ನೂರು ಗ್ರಾಂ ಸಕ್ಕರೆಯಲ್ಲಿ 400 ಇತ್ತು. 51 ಗ್ರಾಂ ಆಲ್ಕೊಹಾಲಿನಲ್ಲಿ 357 ಆಯಿತು. ಹಾರಿಹೋದ ಗ್ಯಾಸಿನಲ್ಲಿ ಕ್ಯಾಲೊರಿ ಸೊನ್ನೆ. ಅಂದರೆ ಸಕ್ಕರೆ ಪೂರ್ತಿ ಮಾಯವಾದರೂ ನೂರಕ್ಕೆ ತೊಂಬತ್ತರಷ್ಟು ಕ್ಯಾಲೊರಿ ಬಾಟಲಿಯಲ್ಲೇ ಉಳಿಯಿತು. ನಾಲಿಗೆಗೆ ಮಾತ್ರ ಅದು ಗೊತ್ತಾಗುವುದಿಲ್ಲ.

ಇದೇ ಲೆಕ್ಕದಿಂದ ಒಂದು ಸೋಜಿಗವೂ ಹೊರಬರುತ್ತದೆ. ನಾರ್ಮಂಡಿಯಲ್ಲಿ ಸಿಹಿ ಸೈಡರ್ ಮಾಡುವ ಹಳೆಯ ಪದ್ಧತಿಯೊಂದಿದೆ. ಚಳಿಗಾಲದ ಬಾಗಿಲಲ್ಲಿ ರಸವನ್ನು ತಣ್ಣಗೆ ಬಿಡುತ್ತಾರೆ. ಸೇಬಿನಲ್ಲಿರುವ ಪೆಕ್ಟಿನ್ ಎಂಬ ಅಂಟು ಪದಾರ್ಥ ಗಟ್ಟಿಯಾಗಿ, ಕಂದು ಟೋಪಿಯ ಹಾಗೆ ಮೇಲೆ ತೇಲುತ್ತದೆ. ಯೀಸ್ಟಿಗೆ ಬೇಕಾದ ಸಾರಜನಕದ ಬಹುಪಾಲು ಅದರ ಜೊತೆಗೇ ಹೋಗಿಬಿಡುತ್ತದೆ. ನಡುವಿನ ತಿಳಿಯಾದ ರಸವನ್ನು ಬೇರೆ ಪೀಪಾಯಿಗೆ ಇಳಿಸಿದರೆ ಅಲ್ಲಿ ಯೀಸ್ಟಿಗೆ ಪೋಷಣೆ ಸಾಲದು. ಅದು ನಿಧಾನವಾಗಿ ಕೆಲಸ ಮಾಡಿ, ಸಕ್ಕರೆ ಇನ್ನೂ ಇರುವಾಗಲೇ ಸುಮ್ಮನಾಗುತ್ತದೆ. ಹೀಗೆ ಆದದ್ದು 'ದೂ', ಅಂದರೆ ಸಿಹಿ ಸೈಡರ್. ಫ್ರಾನ್ಸಿನ ನಿಯಮದಂತೆ ಇದರಲ್ಲಿ ಆಲ್ಕೊಹಾಲ್ ಶೇ. 3 ಮೀರಬಾರದು. ಡ್ರೈಗೆ ಹತ್ತಿರವಾದದ್ದು 'ಬ್ರುತ್'.

ಈಗ ಎರಡನ್ನೂ 250 ಮಿ.ಲೀ. ಅಳೆಯಿರಿ. ಶೇ. 2.5 ಆಲ್ಕೊಹಾಲ್, ಲೀಟರಿಗೆ 40 ಗ್ರಾಂ ಸಕ್ಕರೆ ಇರುವ ಸಿಹಿ ಸೈಡರಿನಲ್ಲಿ ಸುಮಾರು 75 ಕ್ಯಾಲೊರಿ. ಶೇ. 5 ಆಲ್ಕೊಹಾಲ್, ಲೀಟರಿಗೆ 20 ಗ್ರಾಂ ಸಕ್ಕರೆ ಇರುವ ಬ್ರುತ್‌ನಲ್ಲಿ ಸುಮಾರು 90. ಸಿಹಿ ಇರುವುದರಲ್ಲೇ ಕಡಿಮೆ! ಮಧುಮೇಹ ಇರುವವರಿಗೆ ಈ ಸಕ್ಕರೆ ಬೇರೆಯೇ ಪ್ರಶ್ನೆ. ಆದರೆ ಬರೀ ತೂಕದ ಚಿಂತೆ ಇರುವವರು ಸಿಹಿಗಿಂತ ಮೊದಲು ಆಲ್ಕೊಹಾಲಿನ ಶೇಕಡಾವಾರು ನೋಡಬೇಕು.

ಇಂಗ್ಲೆಂಡಿನ ದೊಡ್ಡ ಕಾರ್ಖಾನೆಗಳ ಸೈಡರ್ ಕತೆ ಬೇರೆ. ಅಲ್ಲಿನ ತೆರಿಗೆ ನಿಯಮದ ಪ್ರಕಾರ ಶೇ. 35ರಷ್ಟು ಸೇಬು ಅಥವಾ ಪೇರ್ ಹಣ್ಣಿನ ರಸ ಇದ್ದರೂ ಸಾಕು, ಸೈಡರ್ ಅನ್ನಬಹುದು. ರಸಕ್ಕೆ ಸಕ್ಕರೆ ಪಾಕ ಸೇರಿಸಿ ಹುಳಿಬರಿಸಿ, ಆಮೇಲೆ ನೀರು ಬೆರೆಸಿ, ಕೊನೆಗೆ ಮತ್ತೆ ಸಿಹಿ ಹಾಕುವುದು ಸಾಮಾನ್ಯ. ಆಲ್ಕೊಹಾಲಿನ ಕ್ಯಾಲೊರಿಯ ಮೇಲೆ ಸಕ್ಕರೆಯ ಕ್ಯಾಲೊರಿಯೂ ಕೂಡುತ್ತದೆ. ಬ್ರಿಟನ್ನಿನ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳುವಂತೆ ಶೇ. 4.5ರ ಸೈಡರ್ ಒಂದು ಪಿಂಟ್, ಅಂದರೆ 568 ಮಿ.ಲೀ., ಕುಡಿದರೆ 216 ಕ್ಯಾಲೊರಿ. ಹೆಚ್ಚುಕಡಿಮೆ ಎರಡು ಚಪಾತಿಯಷ್ಟು. ಅಷ್ಟೇ ಗಡಸಿನ ಬಿಯರಿನಲ್ಲೂ ಇದರ ಆಸುಪಾಸೇ ಇರುತ್ತದೆ. ಬಿಯರ್ ಬಿಟ್ಟು ಸೈಡರ್ ಹಿಡಿದರೆ ತೂಕದ ಮಟ್ಟಿಗೆ ಏನೂ ಗಿಟ್ಟುವುದಿಲ್ಲ. ಒಂದು ಲಾಭ ಮಾತ್ರ ಇದೆ: ಸೈಡರಿನಲ್ಲಿ ಸಾಮಾನ್ಯವಾಗಿ ಬಾರ್ಲಿ ಇರುವುದಿಲ್ಲ, ಹಾಗಾಗಿ ಗ್ಲುಟೆನ್ (ಗೋಧಿ, ಬಾರ್ಲಿಯಲ್ಲಿರುವ ಪ್ರೋಟೀನ್) ಆಗದವರು ಕುಡಿಯಬಹುದು. ಸ್ಟ್ರಾಬೆರಿ, ನಿಂಬೆ ಅಂತ ರುಚಿ ಸೇರಿಸಿದ ಬಣ್ಣಬಣ್ಣದ ಸೈಡರುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಡಯಟ್‌ನಲ್ಲಿರುವವರು ಅವುಗಳ ಕಡೆ ನೋಡದಿರುವುದೇ ಒಳ್ಳೆಯದು.

ಬಾಟಲಿಯ ಮೇಲೆ ಕ್ಯಾಲೊರಿ ಬರೆದಿರಲೇಬೇಕು ಅಂತಿಲ್ಲ. ಬ್ರಿಟನ್ನಿನಲ್ಲಿ ಶೇ. 1.2 ಮೀರಿದ ಮದ್ಯಕ್ಕೆ ಪೋಷಕಾಂಶದ ಪಟ್ಟಿ ಕಡ್ಡಾಯವಲ್ಲ. ಬಿಸ್ಕತ್ತಿನ ಪೊಟ್ಟಣಕ್ಕೆ ಇರುವ ನಿಯಮ ಇದಕ್ಕಿಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆ ನಿಯಮ ಬದಲಾಗುವವರೆಗೆ ನಾವೇ ಲೆಕ್ಕ ಹಾಕಿಕೊಳ್ಳಬೇಕು, ಕಷ್ಟವೇನಿಲ್ಲ. ಎಷ್ಟು ಮಿ.ಲೀ. ಇದೆಯೋ ಅದನ್ನು ಆಲ್ಕೊಹಾಲಿನ ಶೇಕಡಾ ಅಂಕಿಯಿಂದ ಗುಣಿಸಿ, ಬಂದದ್ದನ್ನು 0.055ರಿಂದ ಗುಣಿಸಿ. 330 ಮಿ.ಲೀ., ಶೇ. 5 ಆದರೆ ಸುಮಾರು 91. ಇದು ಬರೀ ಆಲ್ಕೊಹಾಲಿನದ್ದು. ಸಕ್ಕರೆ ಎಷ್ಟು ಗ್ರಾಂ ಅಂತ ಗೊತ್ತಿದ್ದರೆ ಅದರ ನಾಲ್ಕು ಪಟ್ಟು ಸೇರಿಸಿ. ಮುಗಿಯಿತು.

ಕ್ಯಾಲೊರಿ ಎಣಿಸಿದರೂ ಕೆಲಸ ಪೂರ್ತಿಯಾಗುವುದಿಲ್ಲ. ಆಲ್ಕೊಹಾಲನ್ನು ದೇಹ ಕೂಡಿಟ್ಟುಕೊಳ್ಳಲಾರದು. ಹಾಗಾಗಿ ಅದನ್ನೇ ಮೊದಲು ಸುಡುತ್ತದೆ, ಕೊಬ್ಬನ್ನು ಸುಡುವ ಕೆಲಸ ಮುಂದಕ್ಕೆ ಹೋಗುತ್ತದೆ. ಅಮೆರಿಕದಲ್ಲಿ 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಗಂಡಸರಿಗೆ 24 ಗ್ರಾಂ ಆಲ್ಕೊಹಾಲ್ ಕೊಟ್ಟು ನೋಡಿದರು. ಒಂದು ಪಿಂಟ್ ಗಡಸು ಸೈಡರಿನಲ್ಲಿ ಇರುವಷ್ಟು. ಅದರಲ್ಲಿ ಕೊಬ್ಬಾಗಿ ಬದಲಾದದ್ದು ಶೇ. 5ಕ್ಕಿಂತ ಕಡಿಮೆ. ಆದರೆ ಆ ಹೊತ್ತಿನಲ್ಲಿ ದೇಹ ಕೊಬ್ಬು ಸುಡುವ ಪ್ರಮಾಣ ಶೇ. 73ರಷ್ಟು ಇಳಿದುಹೋಗಿತ್ತು. ಕುಡಿದದ್ದು ನೇರವಾಗಿ ಹೊಟ್ಟೆಯ ಬೊಜ್ಜಾಗುವುದಿಲ್ಲ. ಜೊತೆಗೆ ತಿಂದದ್ದು ಉಳಿದುಕೊಳ್ಳುತ್ತದೆ.

ಜೊತೆಗೆ ತಿನ್ನದೆ ಇರುವುದೂ ಸುಲಭವಲ್ಲ. ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯವರು 2017ರಲ್ಲಿ ಇಲಿಗಳಿಗೆ ಮೂರು ದಿನ ಆಲ್ಕೊಹಾಲ್ ಕೊಟ್ಟರು. ಆ ದಿನಗಳಲ್ಲಿ ಅವು ಹೆಚ್ಚು ತಿಂದವು. ಮಿದುಳಿನಲ್ಲಿ ಹಸಿವನ್ನು ಹುಟ್ಟಿಸುವ ನರಕೋಶಗಳನ್ನೇ ಆಲ್ಕೊಹಾಲ್ ಎಬ್ಬಿಸುತ್ತಿತ್ತು. ಎರಡನೇ ಲೋಟದ ಹೊತ್ತಿಗೆ ಮಸಾಲೆ ಕಡಲೆಕಾಯಿ ಬೀಜದ ತಟ್ಟೆ ಖಾಲಿಯಾಗುವುದು ಬರೀ ಮನೋಬಲದ ಕೊರತೆಯಿಂದಲ್ಲ. ಐವತ್ತು ಗ್ರಾಂ ಕಡಲೆಕಾಯಿ ಬೀಜಕ್ಕೆ 280 ಕ್ಯಾಲೊರಿ ದಾಟುತ್ತದೆ, ಒಂದು ಪಿಂಟ್ ಸೈಡರಿಗಿಂತ ಜಾಸ್ತಿ. ನನ್ನ ಸಲಹೆ ಇಷ್ಟೇ: ಸೈಡರ್ ಇಷ್ಟವಿದ್ದರೆ ಊಟದ ಜೊತೆಗೇ ಇಟ್ಟುಕೊಳ್ಳಿ, ಒಂದು ಚಿಕ್ಕ ಲೋಟ, ಊಟದ ಲೆಕ್ಕದಲ್ಲೇ ಬರೆದುಕೊಳ್ಳಿ. ಬ್ರಿಟನಿಯವರು ಪಿಂಗಾಣಿ ಬಟ್ಟಲಲ್ಲಿ ಹಾಕಿ, ಕ್ರೆಪ್ ಎಂಬ ತೆಳು ದೋಸೆಯಂಥ ಖಾರದ ತಿಂಡಿಯ ಜೊತೆ ನಿಧಾನವಾಗಿ ಕುಡಿಯುತ್ತಾರೆ. ಆ ರೂಢಿ ನನಗೆ ತುಂಬಾ ಇಷ್ಟ.

ಹಾಗಾದರೆ ಸೇಬಿನ ಒಳ್ಳೆಯ ಗುಣ? ಅದೂ ಸುಳ್ಳಲ್ಲ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಬ್ರಿಟಿಷ್ ನೌಕಾಪಡೆಯ ವೈದ್ಯ ಸ್ಕರ್ವಿ (ಸಿ ಜೀವಸತ್ವದ ಕೊರತೆಯ ರೋಗ) ಹತ್ತಿದ ಹನ್ನೆರಡು ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಒಂದು ಜೋಡಿಗೆ ಕಿತ್ತಳೆ, ನಿಂಬೆ. ಇನ್ನೊಂದಕ್ಕೆ ವಿನೆಗರ್, ಮತ್ತೊಂದಕ್ಕೆ ಸಮುದ್ರದ ನೀರು. ಒಂದು ಜೋಡಿಗೆ ದಿನಕ್ಕೆ ಒಂದು ಕ್ವಾರ್ಟ್, ಅಂದರೆ ಸುಮಾರು ಒಂದು ಲೀಟರ್, ಸೈಡರ್. ಕಿತ್ತಳೆ, ನಿಂಬೆ ತಿಂದವರು ಬೇಗ ಚೇತರಿಸಿಕೊಂಡರು. ಅವರ ನಂತರ ಸ್ವಲ್ಪ ಗುಣ ಕಂಡದ್ದು ಸೈಡರ್ ಕುಡಿದವರಲ್ಲಿ. ಆಗಿನ ಸೋಸದ ಸೈಡರಿನಲ್ಲಿ ಒಂದಿಷ್ಟು ಸಿ ಜೀವಸತ್ವ ಉಳಿದಿದ್ದಿರಬೇಕು. ಈಗಿನ ಸೋಸಿ, ಬಿಸಿಮಾಡಿ ತುಂಬಿದ ಬಾಟಲಿಯಲ್ಲಿ ಅದು ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ಅದೇ ಶತಮಾನದಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಜನ ಸೈಡರ್ ಕುಡಿದು ಹೊಟ್ಟೆನೋವಿನಿಂದ ಒದ್ದಾಡುತ್ತಿದ್ದರು. ಗಾಣ, ತೊಟ್ಟಿಗಳಿಗೆ ಬಳಸಿದ ಸೀಸ ಸೇಬಿನ ಹುಳಿಗೆ ಕರಗಿ ಸೈಡರಿಗೆ ಸೇರುತ್ತಿದೆ ಎಂದು 1767ರಲ್ಲಿ ತೋರಿಸಿಕೊಟ್ಟವನು ಜಾರ್ಜ್ ಬೇಕರ್.

ಇವತ್ತು ಸೈಡರಿನ ಪರವಾಗಿ ಹೇಳುವುದು ಪಾಲಿಫಿನಾಲ್‌ಗಳ ಬಗ್ಗೆ. ಆ ಒಗರಿನ ಹಿಂದಿರುವ ವಸ್ತುಗಳು. ಗ್ಲ್ಯಾಸ್ಗೊ ವಿಶ್ವವಿದ್ಯಾಲಯದವರು 2007ರಲ್ಲಿ ಇಂಗ್ಲಿಷ್ ಸೈಡರುಗಳನ್ನು ಪರೀಕ್ಷಿಸಿದಾಗ ಒಂದರಲ್ಲಿ ಲೀಟರಿಗೆ 44 ಮಿಲಿಗ್ರಾಂ, ಇನ್ನೊಂದರಲ್ಲಿ 1559 ಮಿಲಿಗ್ರಾಂ ಇತ್ತು. ಮೂವತ್ತು ಪಟ್ಟಿಗೂ ಹೆಚ್ಚು ಅಂತರ! ಒಗರು ಸೇಬಿನಿಂದ, ಪೂರ್ತಿ ರಸದಿಂದ ಮಾಡಿದ್ದರಲ್ಲಿ ಪಾಲಿಫಿನಾಲ್ ಹೆಚ್ಚು, ನೀರು ಬೆರೆಸಿದ್ದರಲ್ಲಿ ಕಡಿಮೆ. ಆದರೆ ಅದೇ ವಸ್ತುಗಳು ಸಿಪ್ಪೆ ಸಮೇತ ತಿಂದ ಸೇಬಿನಲ್ಲೂ ಇವೆ, ಚಹಾದಲ್ಲೂ ಇವೆ, ಆಲ್ಕೊಹಾಲ್ ಇಲ್ಲದೆ. ಆಲ್ಕೊಹಾಲ್ ಕ್ಯಾನ್ಸರ್ ತರುತ್ತದೆ ಎಂಬುದು ಖಚಿತವಾಗಿರುವಾಗ, ಇಷ್ಟು ಪ್ರಮಾಣ ಸುರಕ್ಷಿತ ಅಂತ ಹೇಳಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಪಾಲಿಫಿನಾಲಿಗಾಗಿ ಯಾರೂ ಕುಡಿಯಲು ಶುರುಮಾಡಬಾರದು.

ಔಷಧಿ ಅಂಗಡಿಯಲ್ಲಿ ಸಿಗುವ ಆ್ಯಪಲ್ ಸೈಡರ್ ವಿನೆಗರ್ ಬಗ್ಗೆಯೂ ಒಂದು ಮಾತು. ಸೈಡರ್ ಇನ್ನೂ ಹುಳಿಯಾಗಿ, ಆಲ್ಕೊಹಾಲ್ ಅಸಿಟಿಕ್ ಆಮ್ಲವಾದಾಗ ಸಿಗುವುದು ಅದು. ಜಪಾನಿನಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹನ್ನೆರಡು ವಾರ ದಿನಕ್ಕೆ ಒಂದೆರಡು ಚಮಚ ಸೇಬಿನ ವಿನೆಗರ್ ಕುಡಿದವರು ಒಂದೆರಡು ಕಿಲೊ ಇಳಿದರು, ಅಷ್ಟೇ. ಲೆಬನಾನಿನಿಂದ 2024ರಲ್ಲಿ ಬಂದ, ಬಹಳ ಕಿಲೊ ಇಳಿಯಿತು ಎಂಬ ವರದಿ ದೊಡ್ಡ ಸುದ್ದಿಯಾಯಿತು. ಅಂಕಿಅಂಶಗಳ ಬಗ್ಗೆ ಅನುಮಾನ ಬಂದು 2025ರಲ್ಲಿ ಅದನ್ನು ಪ್ರಕಾಶಕರೇ ವಾಪಸ್ ಪಡೆದರು. ಆ ಸುದ್ದಿ ಮಾತ್ರ ನಮ್ಮ ವಾಟ್ಸಾಪ್‌ಗಳಲ್ಲಿ ಇನ್ನೂ ಓಡಾಡುತ್ತಿದೆ.

ಸೇಬಿನ ಮರ ಕೊಟ್ಟ ನಿಜವಾದ ಔಷಧಿ ಬೇರೆಯೇ ಇದೆ. 1835ರಲ್ಲಿ ಯೂರೋಪಿನ ರಸಾಯನ ವಿಜ್ಞಾನಿಗಳು ಸೇಬಿನ ಮರದ ತೊಗಟೆಯಿಂದ ಫ್ಲೊರಿಜಿನ್ ಎಂಬ ಕಹಿ ವಸ್ತುವನ್ನು ಬೇರ್ಪಡಿಸಿದರು. ಅದನ್ನು ಕೊಟ್ಟರೆ ಮೂತ್ರದಲ್ಲಿ ಸಕ್ಕರೆ ಹೋಗುತ್ತದೆ ಎಂದು ಅದೇ ಶತಮಾನದ ಕೊನೆಯ ಹೊತ್ತಿಗೆ ಗೊತ್ತಾಯಿತು. ಕಿಡ್ನಿ ಸಕ್ಕರೆಯನ್ನು ವಾಪಸ್ ಎಳೆದುಕೊಳ್ಳುವುದನ್ನು ಅದು ತಡೆಯುತ್ತದೆ. ಆದರೆ ನುಂಗಿದರೆ ಕರುಳಲ್ಲೇ ಒಡೆದುಹೋಗುತ್ತಿತ್ತು. ಒಡೆಯದ ಹಾಗೆ ಅದರ ಅಣುವನ್ನು ತಿದ್ದಿ ಮಾಡಿದ್ದು ಇಂದಿನ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು. ಭಾರತದಲ್ಲಿ 2020ರಲ್ಲಿ ಡಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದು ಬೆಲೆ ಇಳಿದ ಮೇಲೆ ನಮ್ಮಲ್ಲಿ ಸಕ್ಕರೆ ಕಾಯಿಲೆಯವರು ಅನೇಕರು ಇವನ್ನು ತೆಗೆದುಕೊಳ್ಳುತ್ತಾರೆ.

ಸೈಡರಿನಲ್ಲೂ ಫ್ಲೊರಿಜಿನ್ ಚೂರು ಇರುತ್ತದೆ, ಆದರೆ ಅದರಿಂದ ಸಕ್ಕರೆ ಕಾಯಿಲೆ ಹತೋಟಿಗೆ ಬರುವುದಿಲ್ಲ. ಬದಲಿಗೆ ಈ ಮಾತ್ರೆ ತೆಗೆದುಕೊಳ್ಳುವವರು ಊಟ ತುಂಬಾ ಕಡಿಮೆ ಮಾಡಿ, ಅದರ ಮೇಲೆ ಹೆಚ್ಚು ಆಲ್ಕೊಹಾಲ್ ಕುಡಿದರೆ ಕೀಟೋಅಸಿಡೋಸಿಸ್ ಎಂಬ ಅಪಾಯ ಇದೆ. ರಕ್ತದಲ್ಲಿ ಆಮ್ಲ ಏರುವ ಸ್ಥಿತಿ ಅದು. ಸಕ್ಕರೆ ಅಳೆದರೆ ಅಷ್ಟೇನೂ ಹೆಚ್ಚಿಲ್ಲದಿರಬಹುದು, ಆದರೂ ವಾಂತಿ, ಹೊಟ್ಟೆನೋವು, ಏದುಸಿರು ಶುರುವಾಗುತ್ತದೆ. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ಇನ್ನೊಂದು ತೊಂದರೆ. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಯಕೃತ್ತು ಹೊಸ ಸಕ್ಕರೆ ತಯಾರಿಸಲಾರದೆ, ರಕ್ತದ ಸಕ್ಕರೆ ತೀರಾ ಕೆಳಗೆ ಇಳಿಯಬಹುದು. ನಿಮ್ಮ ಮಾತ್ರೆಯಲ್ಲಿರುವ ಔಷಧದ ಹೆಸರು (ಬ್ರ್ಯಾಂಡ್ ಹೆಸರಲ್ಲ) 'ಗ್ಲಿಫ್ಲೋಜಿನ್' ಎಂದು ಮುಗಿಯುತ್ತದಾ ನೋಡಿ. ಮುಗಿಯುವುದಾದರೆ, ಡಯಟ್ ಶುರುಮಾಡುವ ಮೊದಲು ವೈದ್ಯರಿಗೆ ಎರಡನ್ನೂ ಹೇಳಿ: ಊಟ ಎಷ್ಟು ಕಡಿಮೆ ಮಾಡುತ್ತಿದ್ದೀರಿ, ವಾರಕ್ಕೆ ಎಷ್ಟು ಕುಡಿಯುತ್ತೀರಿ.